ಭುಜಕ್ಕೆ ಒದೆಯದ ರೈಫಲ್ಲು

"ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ವರ್ಲಿನ್, ಅವಸರ ಏನಿಲ್ಲ," ಎನ್ನುತ್ತಾ ಅಂಗಡಿಯ ಡುವೇನ್ ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಎರಡು ಲಿವರ್ ರೈಫಲ್ಲುಗಳನ್ನು ಪಕ್ಕಪಕ್ಕ ಮಲಗಿಸಿದ. ಒಂದು ಹಿತ್ತಾಳೆ ಮೈಯದು, ಉದ್ದ ನಳಿಗೆ, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಗಿಡ್ಡ, ಕಪ್ಪು ಉಕ್ಕು, ಮಾಮೂಲಿ ಮರದ ಹಿಡಿ. ಎರಡಕ್ಕೂ ಹಾಕುವುದು ಒಂದೇ ತೋಟಾ, ರಿವಾಲ್ವರಿಗೆ ಹಾಕುವ ಆ ಗಿಡ್ಡ ತೋಟಾ.

ವರ್ಲಿನ್ ಟೋಪಿ ತೆಗೆದು ಅಂಗಾತ ಇಟ್ಟ. ಹಿತ್ತಾಳೆಯದನ್ನು ಎತ್ತಿಕೊಂಡು, ನಳಿಗೆಯನ್ನು ಗೋಡೆಯತ್ತ ತಿರುಗಿಸಿ, ಲಿವರನ್ನು ಕೆಳಕ್ಕೆಳೆದು, ತೆರೆದ ಬಾಯೊಳಗೆ ಕಿರುಬೆರಳು ತೂರಿಸಿ ಖಾಲಿ ಇದೆಯೆಂದು ಮುಟ್ಟಿ ನೋಡಿದ. ಹೆಂಡತಿ ಆರ್ಲಿಸ್ ಆ ಬೆರಳನ್ನೇ ನೋಡುತ್ತಾ ನಿಂತಳು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದೆ ಕನ್ನಡಿಯ ಮುಂದೆ ತಡಕಾಡಿದ ಕೈ ಅದೇ. ರೈಫಲ್ಲು ಸಿಕ್ಕಿದರೆ ಅದಕ್ಕೆ ಎಲ್ಲವೂ ನೆನಪಿತ್ತು.

"ಇದನ್ನ ಹಿಡಕೊಂಡು ಹೊರಟರೆ ಬ್ಯಾಂಡ್‌ಸೆಟ್ಟಿನವನು ಬಂದ ಅಂತಾರೆ ಕಣಯ್ಯ," ಎಂದ ವರ್ಲಿನ್.

"ಪೇಟೆಯವರು ಅದನ್ನೇ ಕೇಳಿಕೊಂಡು ಬರ್ತಾರಲ್ಲ! ನೀವು ಬಿಡಿ, ಹೊಳೆಯೋದು ಯಾವುದೂ ನಿಮಗಾಗಲ್ಲ," ಎಂದು ಡುವೇನ್ ನಕ್ಕ.

"ಆಗದೆ ಏನು, ಇವಳನ್ನ ಕಟ್ಕೊಂಡಿಲ್ವಾ?"

ಮೂವರೂ ನಕ್ಕರು. ಆರ್ಲಿಸಳ ನಗು ಮಾತ್ರ ಬೇಗ ನಿಂತಿತು. ಮೊನ್ನೆ ಇದೇ ಡುವೇನನಿಗೆ ಫೋನು ಮಾಡಿ, ಅವಳು ಒಂದು ಮಾತು ಹೇಳಿಟ್ಟಿದ್ದಳು. ವರ್ಲಿನ್ ಯಾವುದನ್ನು ಆರಿಸಿದರೂ ಸರಿ, ಕೊಡುವ ಮುಂಚೆ ಒಳಗೊಯ್ದು, ತೋಟಾದ ಬೆನ್ನಿಗೆ ಬಡಿಯುವ ಪಿನ್ನನ್ನು ತೆಗೆದುಬಿಡು. ಅದಿಲ್ಲದೆ ಇದ್ದರೆ ರೈಫಲ್ಲು ರೈಫಲ್ಲಿನಂತೆಯೇ ಇರುತ್ತದೆ, ಸಿಡಿಯುವುದಿಲ್ಲ.

ಹಾಗೆ ಹೇಳಬೇಕಾಗಿ ಬಂದದ್ದು ಮಾರ್ಚಿನಲ್ಲಿ ನಡೆದದ್ದರಿಂದ. ಮಧ್ಯಾಹ್ನ ಹಿಮ ಬೀಳುತ್ತಿತ್ತು. ಕರು ಹಾಕುವ ಹಸುವನ್ನು ನೋಡಿ ಬರಲು ಹೊರಟವಳು, ಬಾಗಿಲ ಬಳಿ ಕೈಗೆ ಸಿಕ್ಕಿದ್ದ ವರ್ಲಿನನ ಕಂದು ಕೋಟನ್ನೇ ಹಾಕಿಕೊಂಡು ಹೋಗಿದ್ದಳು. ತಿರುಗಿ ಬರುವಾಗ ಅವನು ಮೆಟ್ಟಿಲ ಮೇಲೆ ನಿಂತಿದ್ದ, ರೈಫಲ್ಲು ಹೆಗಲಲ್ಲಿ, ನಳಿಗೆ ಅವಳತ್ತ. "ಯಾರು ನೀನು? ನನ್ನ ಕೋಟು ನಿನ್ನ ಮೈಮೇಲೆ ಹೆಂಗೆ ಬಂತು?" ಎಂದು ಕೂಗಿದ್ದ. ಅವಳು ಬಕೆಟ್ಟನ್ನು ಮೆಲ್ಲಗೆ ನೆಲಕ್ಕಿಟ್ಟು, ಕೋಟನ್ನು ಕಳಚಿ ಹಿಮದ ಮೇಲೆ ಹಾಕಿ, ಚಳಿಯಲ್ಲಿ ಹಾಗೇ ನಿಂತಿದ್ದಳು. ಎಷ್ಟೋ ಹೊತ್ತಿನ ಮೇಲೆ ಅವನು, "ಒಳಗೆ ಬಾರೇ, ನೆಗಡಿ ಆಗುತ್ತೆ," ಎಂದಿದ್ದ.

ಆಮೇಲೆ ಒಮಾಹಾದಿಂದ ಮಗಳು ಬಂದು ರೈಫಲ್ಲು, ರಿವಾಲ್ವರು ಎರಡನ್ನೂ ಒಯ್ದು ಮಾರಿಬಿಟ್ಟಳು. ಅಂದಿನಿಂದ ವರ್ಲಿನನಿಗೆ ಹುಡುಕುವುದೇ ಕೆಲಸವಾಯಿತು. ಕಪಾಟು ತೆಗೆಯುವುದು, ಹಾಸಿಗೆ ಎತ್ತುವುದು. ಒಂದು ದಿನ ಪಕ್ಕದ ಫಾರ್ಮಿಗೇ ಹೋಗಿ, ನಲವತ್ತು ವರ್ಷ ಜೊತೆಗೆ ಹುಲ್ಲು ಕೊಯ್ದವನನ್ನು ಕಳ್ಳ ಎಂದು ಬೈದು ಬಂದ. ಅದು ಆರ್ಲಿಸಳಿಗೆ ತಡೆಯದಾಯಿತು, ಹುಡುಕಾಟ ನಿಲ್ಲಲೆಂದು ಹೊಸದನ್ನು ಕೊಡಿಸಲು ಕರೆತಂದಿದ್ದಳು.

ಈಗ ವರ್ಲಿನ್ ಗಿಡ್ಡ ರೈಫಲ್ಲನ್ನು ಎತ್ತಿಕೊಂಡಿದ್ದ. ಲಿವರನ್ನು ಒಮ್ಮೆ ಎಳೆದು ಮುಚ್ಚಿ, ಮತ್ತೆ ಕಣ್ಣು ಮುಚ್ಚಿಕೊಂಡು ಎಳೆದು ಮುಚ್ಚಿದ. ಆಮೇಲೆ ಅದನ್ನು ತನ್ನ ಹೆಗಲಿಗೆ ಇಟ್ಟುಕೊಳ್ಳದೆ ಹೆಂಡತಿಯ ಕಡೆ ತಿರುಗಿದ.

"ಬಾ ಇಲ್ಲಿ. ಮೊಣಕೈ ಮಡಚು."

"ನನಗ್ಯಾಕೆ ವರ್ಲಿನ್? ನಿನಗೆ ತಗೊಳ್ಳೋಕೆ ಬಂದಿರೋದು."

"ಮಡಚು ಅಂದರೆ ಮಡಚೇ."

ಮರದ ಹಿಡಿಯ ತುದಿಯನ್ನು ಅವಳ ಮೊಣಕೈ ಮಡಿಕೆಗೆ ಒತ್ತಿ, ಅವಳ ತೋರುಬೆರಳು ಟ್ರಿಗರಿಗೆ ಎಟಕುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿದ. ಬೆರಳು ಎಟಕಲಿಲ್ಲ.

"ಡುವೇನ್, ಹೆಬ್ಬೆರಳಗಲ ಮರ ಕೊಯ್ದು ಕೊಡ್ತೀಯಾ? ಇವಳ ತೋಳು ಗಿಡ್ಡ."

"ಕೊಯ್ದರಾಯ್ತು. ಆದರೆ ವರ್ಲಿನ್, ಆಮೇಲೆ ನಿಮ್ಮ ತೋಳಿಗೆ ಆಗಲ್ಲವಲ್ಲ."

"ನನಗೆ ಯಾಕಯ್ಯ?" ವರ್ಲಿನ್ ರೈಫಲ್ಲನ್ನು ಬಟ್ಟೆಯ ಮೇಲೆ ಮಲಗಿಸಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಮಾತಾಡಿದ. "ನನ್ನ ತಲೆ ಇವತ್ತಿದ್ದಂಗೆ ನಾಳೆ ಇರಲ್ಲ. ನನಗೇನು ಗೊತ್ತಿಲ್ಲ ಅನ್ಕೊಂಡಿದ್ದೀರಾ? ಕುದುರೆ ಕ್ಲೋವರ್‌ಗೆ ವಯಸ್ಸಾಯ್ತು. ಈ ಚಳಿಗಾಲ ದಾಟಲ್ಲ ಅದು. ಬಿದ್ದ ದಿನ ನಾನು ಎಲ್ಲಿರ್ತೀನೋ. ಬಿದ್ದು ನರಳೋ ನಮ್ಮ ಕುದುರೆಗೆ ಗುಂಡು ಹೊಡೆಯೋಕೆ ನಮ್ಮ ಕೈಯೇ ಆಗಬೇಕು, ಕಂಡವರನ್ನ ಕರೆಯೋದಲ್ಲ. ಇದು ಪಿಸ್ತೂಲಿನ ತೋಟಾ ಕಣೇ, ದೊಡ್ಡ ರೈಫಲ್ಲಿನ ಥರ ಭುಜಕ್ಕೆ ಒದೆಯಲ್ಲ. ನೀನು ಹೊಡೀಬಹುದು. ನನ್ನ ರಿವಾಲ್ವರಿಗೂ ಇದೇ ಹಾಕೋದು. ಮನೇಲಿ ಡಬ್ಬಿಗಟ್ಟಲೆ ಇದೆ."

ಮನೆಯಲ್ಲಿ ರಿವಾಲ್ವರೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ. ಆರ್ಲಿಸ್ ಅವನ ಟೋಪಿಯನ್ನು ಕೈಗೆ ತೆಗೆದುಕೊಂಡು, ಅಂಚಿನ ಧೂಳನ್ನು ಒರೆಸತೊಡಗಿದಳು.

"ಹಿಡಿ ಕೊಯ್ದು, ಎಣ್ಣೆ ಹಾಕಿ ತರ್ತೀನಿ," ಎಂದ ಡುವೇನ್, ರೈಫಲ್ಲನ್ನು ಎತ್ತಿಕೊಂಡರೂ ಒಳಕ್ಕೆ ಹೋಗಲಿಲ್ಲ. ವರ್ಲಿನನ ತಲೆಯ ಮೇಲಿಂದ ಅವಳನ್ನು ನೋಡಿದ. "ಅಮ್ಮಾ, ನೀವು ಹೇಳಿದಂಗೇ ಮಾಡ್ಲಾ?"

ಇಲ್ಲ ಅನ್ನಬಹುದಾಗಿತ್ತು. ಅವಳ ಅಳತೆಗೆಂದು ವರ್ಲಿನ್ ಇದ್ದಬದ್ದ ಬುದ್ಧಿಯನ್ನೆಲ್ಲ ಒಟ್ಟುಮಾಡಿ ಆರಿಸಿದ್ದು. ಆದರೆ ಹಿಮದ ಮೇಲೆ ಬಿದ್ದಿದ್ದ ಕೋಟು ಅವಳ ಕಣ್ಣ ಮುಂದಿಂದ ಹೋಗಲಿಲ್ಲ.

"ಹೇಳಿದಂಗೇ ಮಾಡು," ಎಂದಳು.

"ಏನು ಹೇಳಿದ್ದೆ?" ಎಂದು ವರ್ಲಿನ್ ಕೇಳಿದ.

"ಎಣ್ಣೆ ಜಾಸ್ತಿ ಹಾಕಬೇಡ ಅಂತ ಹೇಳಿದ್ದೆ."

"ಅದು ಸರಿ," ಎಂದು ಅವನು ತಲೆಯಾಡಿಸಿದ.

ಹೊರಡುವಾಗ ಡುವೇನ್ ಪಿನ್ನು ಸುತ್ತಿದ್ದ ಕಾಗದದ ಸಣ್ಣ ಪೊಟ್ಟಣವೊಂದನ್ನು ಅವಳ ಅಂಗೈಗೆ ಒತ್ತಿ, "ಬೇಕಾದಾಗ ತನ್ನಿ, ಕೂತಲ್ಲೇ ಹಾಕಿಕೊಡ್ತೀನಿ," ಎಂದು ಪಿಸುಗುಟ್ಟಿದ. ಮನೆಗೆ ಬಂದು ಅವಳು ಅದನ್ನು ಅಂಗಿ ಗುಂಡಿಗಳ ಡಬ್ಬಿಯ ತಳಕ್ಕೆ ಹಾಕಿದಳು.

ಆ ಬೇಸಗೆಯೆಲ್ಲ, ಸಂಜೆ ಊಟ ಮುಗಿದ ಮೇಲೆ, ವರ್ಲಿನ್ ಅವಳನ್ನು ಜಗಲಿಯಲ್ಲಿ ನಿಲ್ಲಿಸಿ ಕಲಿಸಿದ. ಬೇಲಿಯ ಕಂಬಕ್ಕೆ ಗುರಿ. ಲಿವರ್ ಎಳೆ, ಕಿರುಬೆರಳು ಹಾಕಿ ನೋಡು, ಮುಚ್ಚು, ಉಸಿರು ಬಿಡು, ಒತ್ತು. ಟಪ್ ಎಂದು ಮಂಕಾದ ಸದ್ದು ಬರುತ್ತಿತ್ತು.

"ಸದ್ದು ಯಾಕೋ ಸತ್ತಂಗಿದೆ," ಎಂದ ಒಂದು ಸಲ.

"ಹೊಸದಲ್ವಾ," ಎಂದಳು.

"ಇರಬಹುದು. ಮೊದಲು ಖಾಲಿಯಲ್ಲೇ ಕೈ ಪಳಗಲಿ. ನಾಳೆ ತೋಟಾ ಹಾಕೋಣ."

ಮರುದಿನ ಅವನಿಗೆ ಹಿಂದಿನ ದಿನದ್ದು ನೆನಪಿರುತ್ತಿರಲಿಲ್ಲ. ಮತ್ತೆ ಮೊದಲನೇ ಪಾಠ. ಅವಳೂ ಪ್ರತಿ ಸಲ ಹೊಸದಾಗಿ ಕಲಿಯುವವಳಂತೆ ತಪ್ಪು ಮಾಡುತ್ತಿದ್ದಳು. ತಪ್ಪು ಮಾಡಿದರೆ ಅವನು ಹಿಂದೆ ಬಂದು ನಿಂತು, ಅವಳ ಮೊಣಕೈಯನ್ನು ತನ್ನ ಕೈಯಿಂದ ಎತ್ತಿ ಸರಿಮಾಡುತ್ತಿದ್ದ. ಅವನು ತಾನಾಗಿ ಅವಳನ್ನು ಮುಟ್ಟುತ್ತಿದ್ದದ್ದು ಆಗ ಮಾತ್ರ.

ನವೆಂಬರಿನ ಒಂದು ಬೆಳಿಗ್ಗೆ ಕ್ಲೋವರ್ ಬೇಲಿಯ ಪಕ್ಕ ಬಿದ್ದಿತ್ತು. ಎಬ್ಬಿಸಲು ಹೋದರೆ ಮುಂಗಾಲು ಕೆರೆದು, ಮತ್ತೆ ತಲೆ ಚೆಲ್ಲಿತು. ಹೊಟ್ಟೆ ಉಬ್ಬಿತ್ತು, ಮೂಗಿನ ಹೊಳ್ಳೆಯ ಸುತ್ತ ಮಂಜು ಕಟ್ಟಿತ್ತು. ಆರ್ಲಿಸ್ ಓಡಿ ಒಳಗೆ ಬಂದು, ಗುಂಡಿಗಳ ಡಬ್ಬಿಯನ್ನು ಅಡಿಗೆಮನೆಯ ಮೇಜಿನ ಮೇಲೆ ಸುರಿದಳು. ಪೇಟೆಗೆ ಹೋಗಿ, ಪಿನ್ನು ಹಾಕಿಸಿಕೊಂಡು, ತೋಟಾ ಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಅಲ್ಲಿಯವರೆಗೆ ಆ ಜೀವ ನರಳಬೇಕು. ಅಷ್ಟು ಗೊತ್ತಿದ್ದೂ ಅವಳ ಕೈ ಪೊಟ್ಟಣವನ್ನು ಹುಡುಕಿತು. ಕಾಗದ ಯಾವಾಗಲೋ ಬಿಚ್ಚಿಕೊಂಡಿತ್ತು.

ಕಾಫಿ ಮುಂದಿಟ್ಟುಕೊಂಡು ಕೂತಿದ್ದ ವರ್ಲಿನ್ ಗುಂಡಿಗಳ ರಾಶಿಯಲ್ಲಿ ಬೆರಳಾಡಿಸಿ, ಸಣ್ಣ ಉಕ್ಕಿನ ಕಡ್ಡಿಯೊಂದನ್ನು ಎತ್ತಿಕೊಂಡ. ಹೆಬ್ಬೆರಳಿಂದ ಉರುಳಿಸಿದ. ಕಿಟಕಿಯ ಬೆಳಕಿಗೆ ಹಿಡಿದ. ಕತ್ತಲಲ್ಲಿ ಕೊಟ್ಟಿದ್ದರೂ ಯಾವ ರೈಫಲ್ಲಿನದೆಂದು ಹೇಳುತ್ತಿದ್ದವನು ಅವನು.

"ಇದು ಯಾವ ಮಿಷನ್ನಿಂದು?"

ಆರ್ಲಿಸ್ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಅಲ್ಲಿ ಆ ಪ್ರಶ್ನೆ ಬಿಟ್ಟು ಬೇರೇನೂ ಇರಲಿಲ್ಲ.

"ಹೊಲಿಗೆ ಮಿಷನ್ನಿಂದು."

"ಹೌದಾ." ಅವನು ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ. "ಜೋಪಾನವಾಗಿಟ್ಟುಕೊಳ್ಳಮ್ಮ. ಹಳೇ ಮಿಷನ್ನಿಗೆ ಇಂಥವು ಈಗ ಸಿಗಲ್ಲ."

ಅವಳು ಪಡಸಾಲೆಗೆ ಹೋಗಿ ದನದ ಡಾಕ್ಟರಿಗೆ ಫೋನು ಮಾಡಿದಳು. ನೋವಿಲ್ಲದೆ ಪ್ರಾಣ ಬಿಡಿಸುವ ಔಷಧಿ ತರುತ್ತೇನೆ, ಅರ್ಧ ಗಂಟೆ ಬೇಕು ಎಂದರು. ತಿರುಗಿ ಬಂದರೆ ಕುರ್ಚಿ ಖಾಲಿ, ಬಾಗಿಲು ತೆರೆದಿತ್ತು.

ಕಿಟಕಿಯಿಂದ ನೋಡಿದಳು. ಗಾಳಿಗೆ ಬೆನ್ನು ಕೊಟ್ಟು, ವರ್ಲಿನ್ ನೆಲದ ಮೇಲೆ ಕೂತಿದ್ದ, ಬರೀ ಅಂಗಿಯಲ್ಲಿ. ಕ್ಲೋವರಿನ ತಲೆ ಅವನ ತೊಡೆಯ ಮೇಲಿತ್ತು. ಕಂದು ಕೋಟನ್ನು ಅದರ ಕುತ್ತಿಗೆಗೆ ಹೊದಿಸಿ, ಜಾರಿದಾಗಲೆಲ್ಲ ಮತ್ತೆ ಮೇಲಕ್ಕೆಳೆದು ಹೊದಿಸುತ್ತಿದ್ದ.