ಅಮಾತೆಪ್ಪನ ಧಾಟಿ

ಚೆಂಡುಹೂವಿಗೆ ಸೂಜಿ ಚುಚ್ಚುತ್ತ ಕೂತಿದ್ದ ಭಾಗ್ಯಜ್ಯೋತಿಗೆ ಇದ್ದ ಚಿಂತೆ ಒಂದೇ: ಪ್ರೇಮಕುಮಾರ ಬರದೇ ಹೋದರೆ?

ಸತ್ತವನು ತಾಯಿಯ ತಂದೆ. ಅವನೆದುರು ಕೂತು ಇಂಥ ಚಿಂತೆ ಮಾಡಬಾರದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಮತ್ತೆ ಮತ್ತೆ ಮಡಿಲಲ್ಲಿದ್ದ ಮೊಬೈಲಿನ ಕಡೆಗೇ ಹೋಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಅವಳೇ ಕಳಿಸಿದ ಮೆಸೇಜು. "ನಮ್ಮ ಮುತ್ಯಾ ತೀರಿಕೊಂಡರು. ಮೂರಕ್ಕೆ ಮಣ್ಣು. ನೀವು ಬಂದು 'ಸಂಜಿ ಬಸ್ಸು' ಹಾಡಿದರೆ ಎಲ್ಲರಿಗೂ ಸಮಾಧಾನ. ಓಣಿಯವರೆಲ್ಲ ನಿಮ್ಮ ಹಾಡಿನ ಹುಚ್ಚಿನವರು." ಓದಿದ ಗುರುತಿಗೆ ಎರಡು ನೀಲಿ ಗೆರೆ ಬಿದ್ದಿದ್ದವು. ಉತ್ತರವೆಂದರೆ ಕೈಮುಗಿದ ಒಂದು ಚಿತ್ರ. ಬರುತ್ತೇನೆ ಎಂದೋ, ಅಲ್ಲಿಂದಲೇ ನಮಸ್ಕಾರ ಎಂದೋ?

ಇಳಕಲ್ಲಿನ ಆ ಮನೆಯ ಪಡಸಾಲೆಯಲ್ಲಿ ಅಮಾತೆಪ್ಪನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ, ತೋಳು, ಎದೆಗೆಲ್ಲ ವಿಭೂತಿ. ತಲೆ ವಾಲದಂತೆ ಬಿಳಿ ಅರಿವೆ ಕಟ್ಟಿ ಮೇಲಿನ ಗೂಟಕ್ಕೆ ಬಿಗಿದಿದ್ದರು. ಮಗ್ಗುಲಲ್ಲೇ ಅವನ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಐವತ್ತು ವರ್ಷ ಅವನು ಸೀರೆ ನೇಯ್ದ ಜಾಗ.

"ಏ ಹುಲ್ಲಪ್ಪಾ, ಭಜನಿ ಯಾಕ ನಿಲ್ಲಿಸೀರಿ?" ಎಂದು ಹೊಸ್ತಿಲ ಬಳಿ ಕೂತ ಮುದುಕನೊಬ್ಬ ಕೇಳಿದ.

ತಾಳವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹುಲ್ಲಪ್ಪ ಅಮಾತೆಪ್ಪನ ಮೂವತ್ತು ವರ್ಷದ ಜೊತೆಗಾರ. ಗಲ್ಲ ಎತ್ತಿ ಗೋಡೆಯ ಕಡೆ ತೋರಿಸಿದ. "ಧಾಟಿ ಹಚ್ಚಾವ ಅಲ್ಲಿ ಕುಂತಾನ್ರಿ. ಅವನ್ನ ಕೇಳ್ರಿ."

"ಕುಣಿ ತೋಡೂದು ಮುಗೀತಂತ," ಎಂದ ಪಕ್ಕದ ಮನೆಯ ನೇಕಾರ ಅಹ್ಮದಸಾಬ.

"ಅವಗೇನು ಕುಣ್ಯಾಗ ಕೂಡೂದು ಹೊಸಾದಲ್ಲ ಬಿಡು. ದಿನಾ ಕುಂತಾವನ."

"ಆ ಕುಣ್ಯಾಗಿಂದ ಚಾ ಕುಡ್ಯಾಕಂತ ಎದ್ದು ಬರತಿದ್ದ, ಹುಲ್ಲಪ್ಪ," ಎಂದ ಅಹ್ಮದಸಾಬ. ಇಬ್ಬರೂ ನಕ್ಕರು. ನಕ್ಕು ಇಬ್ಬರೂ ಟವೆಲಿನಿಂದ ಮುಖ ಒರೆಸಿಕೊಂಡರು.

ಇಳಕಲ್ಲಿನಿಂದ ಹುನಗುಂದದವರೆಗೆ, ಅತ್ತ ಕೂಡಲಸಂಗಮದವರೆಗೆ, ಯಾರು ಸತ್ತರೂ ಅಮಾತೆಪ್ಪನಿಗೆ ಕರೆ ಬರುತ್ತಿತ್ತು. ಭಜನೆಯವರು ಬೇರೆ ಊರಲ್ಲೂ ಇದ್ದರು. ಆದರೆ ಹೆಣ ಎತ್ತುವ ಹೊತ್ತಿಗೆ ಹಾಡುವ ಒಂದು ಧಾಟಿ ಅವನದೇ ಸ್ವಂತದ್ದು. "ಹೋಗಿ ಬಾರೋ ಜೀವಾ, ನಿನ್ನ ನೇಗಿ ಮುಗೀತೋ." ಆ ಧಾಟಿ ಎದ್ದಿತೆಂದರೆ ಗಂಡಸರು ಹೆಗಲ ಮೇಲಿನ ಟವೆಲು ಸರಿಪಡಿಸಿಕೊಂಡು ಏಳುತ್ತಿದ್ದರು. ಅದನ್ನು ಅವನು ಮಗ್ಗದ ಮುಂದೆ ಗುನುಗಿದವನಲ್ಲ, ಯಾರಿಗೂ ಕಲಿಸಿದವನಲ್ಲ. ಸತ್ತವರೆದುರು ಬಿಟ್ಟು ಬೇರೆಲ್ಲೂ ಅದರ ಒಂದು ಎಳೆ ಬಾಯಿಂದ ಹೊರಡಕೂಡದು ಎಂಬುದು ಅವನು ತನಗೆ ತಾನೇ ಹಾಕಿಕೊಂಡ ನೇಮ.

ಓಣಿಯ ಬಾಯಲ್ಲಿ ಗಾಡಿಯೊಂದು ನಿಂತ ಸದ್ದಾಯಿತು. ಭಾಗ್ಯಜ್ಯೋತಿ ಕತ್ತೆತ್ತಿದಳು. ಬಾಗಿಲಿನ ಮೇಲೆ "ಹಗೇವು" ಎಂದು ಬಿಳಿ ಬಣ್ಣದಲ್ಲಿ ಬರೆದ ಕಪ್ಪು ಗಾಡಿ. ಸೂಜಿ ಹೂವು ದಾಟಿ ಬೆರಳಿಗೆ ಚುಚ್ಚಿತು. ನೋವಾಗಲಿಲ್ಲ.

* * *

ಕಾಳು ತುಂಬಿಡುವ ನೆಲಗುಂಡಿಯ ಹೆಸರನ್ನು ಬ್ಯಾಂಡಿಗೆ ಇಟ್ಟವನು ಪ್ರೇಮಕುಮಾರ. ಬಾಗಲಕೋಟೆಯ ನವನಗರದಲ್ಲಿ ಒಂದು ಬಾಡಿಗೆ ಕೋಣೆ, ಗೋಡೆಗೆ ಹೊಡೆದ ಮೊಟ್ಟೆಯ ಟ್ರೇಗಳು, ನಾಲ್ಕು ಹುಡುಗರು. ಸಿನಿಮಾದವರ ಹಂಗಿಲ್ಲದೆ, ಕಂಪನಿಯವರ ಹಂಗಿಲ್ಲದೆ ನಮ್ಮ ಮಾತಿನಲ್ಲಿ ನಮ್ಮ ಹಾಡು ಎನ್ನುತ್ತಿದ್ದ. ಬಿ.ಎ. ಮುಗಿಸಿದ ಭಾಗ್ಯಜ್ಯೋತಿ ಮನೆಯಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ಎಂದು ಹೇಳಿ ಪ್ರತಿ ಭಾನುವಾರ ಬಸ್ಸು ಹತ್ತುತ್ತಿದ್ದಳು. ಮನೆಯಲ್ಲಿ ಬಾಯಿಲ್ಲದ ಹುಡುಗಿ ಎಂದು ಹೆಸರಾದವಳು. ಆಡದೇ ಉಳಿದದ್ದನ್ನೆಲ್ಲ ಡೈರಿಯಲ್ಲಿ ಬರೆದಿಡುವವಳು. ಆ ಕೋಣೆಯಲ್ಲಿ ಮಾತ್ರ, ಮೈಕಿನ ಮುಂದೆ ಕಣ್ಣು ಮುಚ್ಚಿದರೆ, ಅವಳಿಗೆ ದನಿ ಬರುತ್ತಿತ್ತು.

"ಸಾಹಿತ್ಯ ಛಲೋ ಬರೀತಿ," ಎಂದಿದ್ದ ಪ್ರೇಮಕುಮಾರ ಒಂದು ದಿನ. "ಧಾಟಿ ಬರೂದಿಲ್ಲ ನಿನಗ. ಕೇಳಿದವರ ಎದಿಯಾಗ ಏನರೆ ಕಳಚಿ ಬೀಳಬೇಕು ನೋಡು, ಅಂಥಾದ್ದೊಂದು ತಾ. ನೀನ ಹಾಡಾಕಿ. ಸ್ಟೇಜಿನ ನಡುವ ನಿಂದರಸ್ತೇನಿ."

ಮುಂದಿನ ವಾರ ಅಮಾತೆಪ್ಪನ ಜೊತೆ ಒಂದು ಸಾವಿನ ಮನೆಗೆ ಹೋದಾಗ ಅವಳು ಸೆರಗಿನೊಳಗೆ ಮೊಬೈಲು ಹಿಡಿದು ಧಾಟಿಯನ್ನು ರೆಕಾರ್ಡ್ ಮಾಡಿಕೊಂಡಳು. ಬಾಗಲಕೋಟೆಯ ಬಸ್ಸಿನಲ್ಲಿ ಕೂತು ಅದಕ್ಕೆ ಬೇರೆ ಮಾತು ಕೂಡಿಸಿದಳು. "ಹೋಗಿ ಬಾರೋ ಗೆಣೆಯಾ, ಸಂಜಿ ಬಸ್ಸಿಗೆ." ಕೋಣೆಯಲ್ಲಿ ಹಾಡಿ ತೋರಿಸಿದಾಗ ಪ್ರೇಮಕುಮಾರ ಗಿಟಾರು ಕೆಳಗಿಟ್ಟ.

"ಧಾಟಿ ಯಾರದು?"

"ನಂದ," ಎಂದಳು.

ಹಾಡಿದ್ದು ಅವನು. ಅವಳ ದನಿ ಸಣ್ಣದಾಯಿತು ಎಂದ. ವಿಡಿಯೋದ ಕೆಳಗೆ ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ಒಂದೇ ಹೆಸರು ಬಿತ್ತು. ಎರಡು ತಿಂಗಳಲ್ಲಿ ಹಾಡು ಮದುವೆಯ ಮೆರವಣಿಗೆಗಳ ಡಿಜೆಗೆ ಹತ್ತಿತು. ಬಾದಾಮಿಯ ಕಾರ್ಯಕ್ರಮದಲ್ಲಿ ಅವಳು ಕಟ್ಟಿಗೆಯ ಬೇಲಿಯಾಚೆ, ಬ್ಯಾಂಡಿನವರ ನೀರಿನ ಬಾಟಲಿ ಹಿಡಿದು ನಿಂತಿದ್ದಳು. "ಈ ಹಾಡು ನನಗ ಮಲಪ್ರಭಾ ದಂಡಿ ಮ್ಯಾಲೆ ಒಬ್ಬನ ಕುಂತಾಗ ಬಂತು," ಎಂದು ಅವನು ಮೈಕಿನಲ್ಲಿ ಹೇಳಿದಾಗ ಜನ ಸಿಳ್ಳೆ ಹೊಡೆದರು. ಬಾಟಲಿಗಳನ್ನು ಅಲ್ಲೇ ನೆಲಕ್ಕಿಟ್ಟು ಅವಳು ಬಸ್‌ಸ್ಟ್ಯಾಂಡಿಗೆ ನಡೆದಳು. ಆ ದಿನದ ಡೈರಿಯಲ್ಲಿ ಒಂದೇ ಸಾಲು: ಇವನನ್ನು ಜನರ ನಡುವೆಯೇ ಕೆಡವಬೇಕು.

* * *

ಹಾಡು ಬಂದ ಆರನೇ ತಿಂಗಳಿಗೆ ಹುನಗುಂದದ ಒಬ್ಬ ವ್ಯಾಪಾರಿ ಸತ್ತ. ಹೆಣ ಎತ್ತುವ ಹೊತ್ತಿಗೆ ಅಮಾತೆಪ್ಪ ಹಾರ್ಮೋನಿಯಂ ಪೇಟಿಯ ಮೇಲೆ ಬೆರಳಿಟ್ಟು ಧಾಟಿ ಎತ್ತಿದ. ಹಿಂದೆ ನಿಂತಿದ್ದ ಹುಡುಗರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ನಡುವಿನ ಗಿಟಾರಿನ ಭಾಗವನ್ನು ಬಾಯಲ್ಲೇ ಸೇರಿಸಿದ. ಸತ್ತವನ ಸೊಸೆ ಅಳು ನಿಲ್ಲಿಸಿ ತಲೆಯೆತ್ತಿದಳು.

"ಯಜಮಾನ್ರ, ನಮ್ಮ ಮಾವ ಸತ್ತಾರ್ರಿ. ಮದಿವ್ಯಾಗ ಕುಣಿಯೂ ಹಾಡು ಹಾಡ್ತೀರಲ್ಲ, ನಾಚಿಕಿ ಬ್ಯಾಡ?"

ಅಮಾತೆಪ್ಪನಿಗೆ ಏನೂ ತಿಳಿಯಲಿಲ್ಲ. ಹುಡುಗನೊಬ್ಬ ಮೊಬೈಲು ತೆಗೆದು ಆ ಹಾಡಿನ ವಿಡಿಯೋ ಹಚ್ಚಿದ. ಕೊನೆಯವರೆಗೂ ಕೇಳಿ ಅಮಾತೆಪ್ಪ ಪೇಟಿ ಮುಚ್ಚಿದ. ಅದೇ ಕೊನೆ. ಮುಂದೆ ಕರೆಯಲು ಬಂದವರಿಗೆಲ್ಲ ಗಂಟಲು ಸರಿಯಿಲ್ಲ ಎಂದ. ನಿಧಾನಕ್ಕೆ ಕರೆಯುವವರೂ ಕಡಿಮೆಯಾದರು.

ಒಂದು ಮಧ್ಯಾಹ್ನ ಮಗ್ಗದ ಕುಣಿಯೊಳಗೆ ಸುಮ್ಮನೆ ಕೂತವನು ಮೊಮ್ಮಗಳನ್ನು ಕರೆದ. "ಭಾಗ್ಯಾ, ಸತ್ತವರ ಸಾಮಾನು ಅದು. ಯಾವ ಮಣ್ಣಿಗೆ ಬಂದು ಒಯ್ದನವ್ವಾ ಅವ? ನಾ ಎಲ್ಲಾರ ಮಾರೀನೂ ನೆನಸ್ಕೊಂಡು ನೋಡೀನಿ. ಅವನ ಮಾರಿ ಎಲ್ಲೂ ಇಲ್ಲ."

"ಗೊತ್ತಿಲ್ಲ ಮುತ್ಯಾ," ಎಂದಳು.

ಆ ದಿನದ ಡೈರಿಯಲ್ಲಿ ತಾರೀಖು ಮಾತ್ರ ಇದೆ.

* * *

ಪ್ರೇಮಕುಮಾರ ಬಿಳಿ ಜುಬ್ಬಾ ತೊಟ್ಟು ಬಂದಿದ್ದ. ಹಿಂದೆ ಡ್ರಮ್ಮು ಬಾರಿಸುವ ಸಿದ್ದಾರ್ಥ. ಅವನ ಕೈಯಲ್ಲಿ ಕ್ಯಾಮೆರಾ. ಸಂಜಿ ಬಸ್ಸಿನ ಆಮೇಲೆ ಹಗೇವು ಬಿಟ್ಟ ಮೂರು ಹಾಡುಗಳನ್ನು ಯಾರೂ ಕೇಳಿರಲಿಲ್ಲ. ಸಾವಿನ ಮನೆಯ ವಿಡಿಯೋ ಎಂದರೆ ಅವನು ಬಾಗಲಕೋಟೆಯಿಂದ ಓಡಿ ಬರುತ್ತಾನೆಂದು ಭಾಗ್ಯಜ್ಯೋತಿ ಸರಿಯಾಗಿಯೇ ಲೆಕ್ಕ ಹಾಕಿದ್ದಳು. ಮುಂದಿನದನ್ನೂ ಲೆಕ್ಕ ಹಾಕಿದ್ದಳು. ಇವನು ಹಾಡುತ್ತಾನೆ. ಎಲ್ಲಿಂದ ಕದ್ದೆ ಎಂದು ಸೋದರಮಾವ ಅಮರೇಶ ಎದ್ದು ಕೇಳುತ್ತಾನೆ. ಅವಳಿಂದ ಬಂತು ಎಂದರೆ ಹಾಡು ತನ್ನದಲ್ಲ ಎಂದು ಕ್ಯಾಮೆರಾದ ಮುಂದೆಯೇ ಒಪ್ಪಿದಂತೆ. ತನ್ನದೇ ಎಂದರೆ ಹೆಣದ ಮುಂದಿನಿಂದ ಕದ್ದ ಕಳ್ಳ. ಎರಡೂ ದಾರಿಗೆ ಅವಳು ಮುಳ್ಳು ಹಾಸಿದ್ದಳು. ಅವನು ಒಪ್ಪಿ ಅವಳ ಹೆಸರು ಹೇಳಿಬಿಟ್ಟರೆ? ಹೇಳಲಾರ. ವಿಡಿಯೋದ ಕೆಳಗಿನ ಆ ಮೂರು ಪಟ್ಟವನ್ನು ಅವನು ಬಿಟ್ಟುಕೊಡುವವನಲ್ಲ.

ಅವನು ಕೂತ. ಗಿಟಾರಿನ ತಂತಿ ಮೀಟಿದ. "ಹೋಗಿ ಬಾರೋ ಗೆಣೆಯಾ..."

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಹುಲ್ಲಪ್ಪನ ಕೈಯಿಂದ ತಾಳ ಜಾರಿ ನೆಲಕ್ಕೆ ಬಡಿಯಿತು. ಒಳಗಿನಿಂದ ಅಮಾತೆಪ್ಪನ ಮಗ ಅಮರೇಶ ಬರಿಮೈಯಲ್ಲಿ ಹೊರಗೆ ಬಂದ.

"ನಿಲ್ಲಸಲೇ!"

ಗಿಟಾರು ನಿಂತಿತು.

"ನಮ್ಮಪ್ಪನ ಧಾಟಿ ಕದ್ದು ನಮ್ಮಪ್ಪನ ಹೆಣದ ಮುಂದ ಹಾಡ್ತಿ? ಏನ್ ಗಂಡಸಲೇ ನೀ!"

"ಸರ್, ಏನೋ ತಪ್ಪು ತಿಳ್ಕೊಂಡೀರಿ..."

"ಸರ್ ಅನಬ್ಯಾಡ ನನಗ. ಹೇಳು. ಯಾರ ಮಣ್ಣಿಗೆ ಬಂದಿದ್ದಿ? ಯಾವ ಮನ್ಯಾಗ ಮೂಲಿಗೆ ನಿಂತು ಕದ್ದಿ? ಇದು ಮೂವತ್ತು ವರ್ಷದಿಂದ ನಮ್ಮಪ್ಪ ಹಾಡಿದ್ದು. ಕೇಳು ಇಲ್ಲಿದ್ದವರನ್ನ."

"ಹೌದ್ರಿ," ಎಂದ ಅಹ್ಮದಸಾಬ. "ನಮ್ಮ ಓಣಿ ಗ್ವಾಡಿ ಕೇಳಿದರ ಅವೂ ಹೇಳ್ತಾವ."

ಪ್ರೇಮಕುಮಾರನ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಗೋಡೆಗೆ ಕೂತವನನ್ನು ನೋಡಿದ. ಆಮೇಲೆ ಭಾಗ್ಯಜ್ಯೋತಿಯನ್ನು. ಅವಳು ಹೂವಿನ ದಾರಕ್ಕೆ ಗಂಟು ಹಾಕುತ್ತಿದ್ದಳು, ನಿಧಾನವಾಗಿ, ಬಿಗಿಯಾಗಿ. ಇಷ್ಟು ದಿನ ತಾನು ಬೇಲಿಯಾಚೆ ನಿಂತಿದ್ದೆ, ಇವತ್ತು ಅವನು ಎಂದುಕೊಂಡಳು. ಬಾಯಲ್ಲಿ ಬೆಲ್ಲ ಕರಗಿದ ಹಾಗಿತ್ತು.

ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಅದು... ನನಗ ಮಲಪ್ರಭಾ ದಂಡಿ ಮ್ಯಾಲೆ..." ಎಂದ ಪ್ರೇಮಕುಮಾರ.

ಮುಗಿಸಲು ಯಾರೂ ಬಿಡಲಿಲ್ಲ. "ಹೊಳಿ ದಂಡ್ಯಾಗ ಸಿಕ್ಕಿತಂತ! ಕೊಡದಾಗ ತುಂಬಿ ಇಟ್ಟಿದ್ದರೇನಪಾ ಅಲ್ಲಿ?" ಎಂದಳು ಒಬ್ಬ ಮುದುಕಿ. ಹೆಂಗಸರ ಕಡೆಯಿಂದ ಛೀ ಎಂಬ ಸದ್ದು ಬಂತು. ಅಮರೇಶ ಅವನ ಜುಬ್ಬಾದ ಕಾಲರಿಗೆ ಕೈಹಾಕಿದ.

"ನನ್ನ ಕರದಾರ್ರಿ! ಈಕಿನ ಕರದಾಳ. ಮೆಸೇಜ್ ಐತಿ, ನೋಡ್ರಿ."

ಅಮರೇಶ ಮೊಬೈಲು ಓದಿದ. ತಿರುಗಿ ಸೋದರ ಸೊಸೆಯ ಕಡೆ ನೋಡಿದ. ಅವನ ಕಣ್ಣಲ್ಲಿ ನೀರಿತ್ತು.

"ಭೇಷ್, ಭಾಗ್ಯಾ! ಬಾಯಿಲ್ಲದಾಕಿ ಅಂತಿದ್ವಿ ನಿನಗ. ಹುಡುಕಿ ಕರಸಿ ಕಳ್ಳನ್ನ ಅಪ್ಪನ ಮುಂದ ನಿಂದರಿಸಿದಿ."

ಅವಳು ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡರು ಎಲ್ಲರೂ.

* * *

ಹೆಣ ಎತ್ತುವಾಗ ಯಾರೂ ಹಾಡಲಿಲ್ಲ. ಅವನನ್ನು ಕೂಡಿಸಿ ಹೊತ್ತ ವಿಮಾನದ ಚೆಂಡುಹೂವಿನ ಸರಗಳು ತೂಗಾಡಿದವು. ಹುಲ್ಲಪ್ಪ ಬರಿಯ ತಾಳ ಹಾಕುತ್ತ ಮುಂದೆ ನಡೆದ. ಹುನಗುಂದದ ರಸ್ತೆಯ ಮಗ್ಗುಲಿನ ಮಣ್ಣಿನ ಜಾಗದವರೆಗೂ ಪ್ರೇಮಕುಮಾರ ಹಿಂದೆ ಹಿಂದೆ ಬಂದ. ಕ್ಯಾಮೆರಾ ಗಾಡಿಯೊಳಗೆ ಹೋಗಿತ್ತು. ಜಾಲಿ ಗಿಡದ ಹತ್ತಿರ ಅವಳ ಮಗ್ಗುಲಿಗೆ ಬಂದು ದನಿ ತಗ್ಗಿಸಿದ.

"ಭಾಗ್ಯಾ, ಖರೆ ಹೇಳು. ಧಾಟಿ ನಂದ ಅಂದಿದ್ದಿ ನೀ."

ಅವಳು ಅವನತ್ತ ನೋಡದೆ ನಡೆದಳು. "ನಿಮಗ ಹೊಳಿ ದಂಡ್ಯಾಗ ಸಿಕ್ಕೈತಲ್ರಿ," ಎಂದಳು. ಎರಡು ವರ್ಷದಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದ ಮಾತು.

ಅಮಾತೆಪ್ಪನನ್ನು ಕುಣಿಯಲ್ಲಿ ಕೂಡಿಸಿದರು. ಅಯ್ಯನವರು ಮಂತ್ರ ಹೇಳಿ ವಿಭೂತಿಗಟ್ಟಿ ಇಟ್ಟರು. ಅಮರೇಶ ಮಣ್ಣು ಹಾಕಿದ. ಆಮೇಲೆ ಒಬ್ಬೊಬ್ಬರೇ ಬರತೊಡಗಿದರು. ಕುಣಿಯ ಅಂಚಿನಲ್ಲಿ ಅಮಾತೆಪ್ಪನ ಹೆಂಡತಿ ಇಂದ್ರಾಬಾಯಿ ಕೂತು, ಬಿಲ್ವಪತ್ರೆ ಬೆರೆಸಿದ ಮಣ್ಣಿನ ಬುಟ್ಟಿಯಿಂದ ಬಂದವರ ಅಂಗೈಗೆ ಒಂದೊಂದು ಹಿಡಿ ಕೊಡುತ್ತಿದ್ದಳು. ಹುಲ್ಲಪ್ಪನಿಗೆ ಕೊಟ್ಟಳು, ಅಹ್ಮದಸಾಬನಿಗೆ ಕೊಟ್ಟಳು.

ಪ್ರೇಮಕುಮಾರ ಬೂಟು ಬಿಚ್ಚಿ ಬಂದ. ಬಾಗಿ ಅಂಗೈ ಚಾಚಿದ.

ಇಂದ್ರಾಬಾಯಿ ಸೆರಗು ಎಳೆದು ಬುಟ್ಟಿಯ ಮೇಲೆ ಹೊದಿಸಿದಳು.

"ಅಜ್ಜಿ, ಒಂದು ಹಿಡಿ..."

"ಹೋಗಪಾ," ಎಂದಳು. ದನಿ ಏರಲಿಲ್ಲ. "ಎರಡು ವರ್ಷ ಆತು, ನನ್ನ ಗಂಡ ಉಂಡಿದ್ದು ರುಚಿ ಆಗಲಿಲ್ಲ. ಸತ್ತವರಿಗೆ ಏನ ಹಾಡಲಿ ಅಂತ ಕೇಳಿಕೋತ ಸತ್ತ. ನಿನ್ನ ಮಣ್ಣು ಅವಗ ಭಾರ ಆಕ್ಕೈತಿ."

ಮಣ್ಣಿಗೆ ಬಂದವನಿಗೆ ಮಣ್ಣು ಸಿಗಲಿಲ್ಲ. ಆ ಊರಿನಲ್ಲಿ ಯಾರೂ ಅಂಥದನ್ನು ಕಂಡಿರಲಿಲ್ಲ. ಬರಿಗೈ ಹಿಂದಕ್ಕೆ ತೆಗೆದುಕೊಂಡು ಪ್ರೇಮಕುಮಾರ ಜನ ಬಿಟ್ಟ ದಾರಿಯಲ್ಲಿ ಹಿಂದೆ ಸರಿದ. ಅವನ ಕಾಲಿಗೆ ಜಾಲಿ ಮುಳ್ಳು ತಾಗಿ ಕುಂಟಿದ್ದನ್ನು ಭಾಗ್ಯಜ್ಯೋತಿ ಕಣ್ತುಂಬ ನೋಡಿದಳು. ಡೈರಿಯಲ್ಲಿ ಬರೆದದ್ದು ಅಕ್ಷರಕ್ಕೆ ಅಕ್ಷರ ಆಗಿತ್ತು.

"ಬಾ ಭಾಗ್ಯಾ," ಎಂದು ಇಂದ್ರಾಬಾಯಿ ಸೆರಗು ಸರಿಸಿದಳು.

ಅವಳು ಹೋಗಿ ಮಂಡಿಯೂರಿದಳು. ಕುಣಿಯೊಳಗೆ ಮುತ್ಯಾನ ಭುಜದವರೆಗೆ ಮಣ್ಣು ಬಂದಿತ್ತು. ಮುಖ ಇನ್ನೂ ಹೊರಗಿತ್ತು. ಇಂದ್ರಾಬಾಯಿ ಹಿಡಿಯ ತುಂಬ ಮಣ್ಣು ತೆಗೆದು, ಇನ್ನೊಂದು ಕೈಯಿಂದ ಮೊಮ್ಮಗಳ ಗಲ್ಲ ಸವರಿದಳು.

"ನೀ ಒಬ್ಬಾಕಿ ಇದ್ದಿ ನೋಡು, ಅವನ ಹಾಡಿಗೆ ಕಿವಿ ಕೊಟ್ಟಾಕಿ. ಸಾಯೂ ಮುಂದೂ ನಿನ್ನ ಹೆಸರ ಹೇಳಿದ. ನಮ್ಮ ಭಾಗ್ಯಾನ ಬಾಯಾಗ ಆ ಧಾಟಿ ಐತಿ, ಒಂದಿಲ್ಲ ಒಂದಿನ ಆಕಿ ಹಾಡ್ತಾಳ, ನಾನೂ ಕಲಿಸಿಲ್ಲ, ಕಲಿಸು ಅಂತ ಆಕಿನೂ ಕೇಳಿಲ್ಲ, ಆದರ ಆಕಿಗೆ ಬರತೈತಿ ಅಂದ. ಅಂಗೈ ಚಾಚು ಮಗಳ. ನಿನ್ನ ಮಣ್ಣು ಅವಗ ಹೂವು."

ಅವಳು ಅಂಗೈ ಚಾಚಿದಳು. ಅಮರೇಶ ಹಿಂದಿನಿಂದ ಅವಳ ಹೆಗಲ ಮೇಲೆ ಕೈಯಿಟ್ಟ. ಅಲ್ಲಿ ಜಾಲಿಯ ಕೆಳಗೆ ಪ್ರೇಮಕುಮಾರ ಒಂದು ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಈಗ ಹೊರಟುಬಿಡುತ್ತಾನೆ. ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮುಖಕ್ಕೂ ಮಣ್ಣು ಬೀಳುತ್ತದೆ. ಎಲ್ಲ ಮುಗಿಯುತ್ತದೆ.

"ಆಯಿ," ಎಂದಳು. ಮೈಕಿನ ಮುಂದೆ ಮಾತ್ರ ಬರುತ್ತಿದ್ದ ದನಿ ಅದು. ಹುಲ್ಲಪ್ಪನವರೆಗೂ ಕೇಳಿತು, ಜಾಲಿಯವರೆಗೂ ಕೇಳಿತು. "ಅವ ಕದ್ದಿಲ್ಲ. ಮುತ್ಯಾನ ಧಾಟಿ ನಂದಂತ ಹೇಳಿ ನಾನ ಕೊಟ್ಟೀನಿ."

ಇಂದ್ರಾಬಾಯಿಯ ಮುಷ್ಟಿ ಆಗಲೇ ಬಿಚ್ಚಿತ್ತು. ಮಣ್ಣು ಮೊಮ್ಮಗಳ ಅಂಗೈಗೆ ಬೀಳದೆ ಇಬ್ಬರ ನಡುವೆ ಸಣ್ಣಗೆ ಸುರಿಯುತ್ತಿತ್ತು.