ನಾಲ್ಕನೆಯ ಮುಖ

"ಅಮ್ಮಾ, ಸಾಲಲ್ಲ. ಏಳೂಕಾಲು ಚದರ ಮೀಟರಿಗಿಂತ ಜಾಸ್ತಿ ಬಟ್ಟೆ ಬೇಕು. ನಮ್ಮ ಹತ್ರ ಇರೋದು ಐದೇ."

ಅಳತೆ ಪಟ್ಟಿಯ ಒಂದು ತುದಿಯನ್ನು ಗೋರಿಯ ನೆತ್ತಿಗೆ ಒತ್ತಿ ಹಿಡಿದಿದ್ದ ಸಾಸಿಯಾ ಕೈ ತೆಗೆಯಲಿಲ್ಲ. ಮಗಳು ರಫ್ಕಾ ನೆಲದ ಮೇಲೆ ಕೂತು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದಳು.

"ಇನ್ನೊಂದ್ಸಲ ಲೆಕ್ಕ ಹಾಕೇ. ತಪ್ಪಿರುತ್ತೆ."

"ಮೂರು ಸಲ ಹಾಕಿದೆ. ಇದು ತ್ರಿಭುಜ ಪಟ್ಟಕ ಅಮ್ಮಾ, ಹೋದ ತಿಂಗಳು ತಾನೇ ಕಲ್ತಿದ್ದು. ಐದು ಮುಖ. ಐದನ್ನೂ ಕೂಡಬೇಕು."

ದ್ವೀಪದ ಸಂತ ಸೀದಿ ಖಲಫರ ಗೋರಿಯ ಮೇಲಿನ ಮರದ ಪೆಟ್ಟಿಗೆ ಬೋರಲು ಹಾಕಿದ ದೋಣಿಯ ಹಾಗಿತ್ತು. ಎರಡು ಕಡೆ ಇಳಿಜಾರು ಹಲಗೆ, ತಲೆಗೊಂದು ಕಾಲಿಗೊಂದು ಮುಕ್ಕೋನ. ಹೊಸ ಹರಕೆಯ ಬಟ್ಟೆ ಬರಿ ಮರದ ಮೇಲೇ ಕೂರಬೇಕೆಂದು ಗೋರಿ ನೋಡಿಕೊಳ್ಳುವ ತಾವೂಸಜ್ಜಿ ಹಳೆಯ ಹೊದಿಕೆಗಳನ್ನೆಲ್ಲ ತೆಗೆದು ಮೂಲೆಗೆ ಇಟ್ಟಿದ್ದಳು. ಬತ್ತಲೆ ನಿಂತ ಆ ಮರವನ್ನು ನೋಡಲು ಸಾಸಿಯಾಗೆ ಹೆದರಿಕೆಯಾಗುತ್ತಿತ್ತು.

ಗಂಡ ಮೊಂಜಿ ಆಕ್ಟೋಪಸ್ ಹಿಡಿಯುವ ಮಡಕೆಗಳನ್ನು ಎತ್ತಲು ಕಡಲಿಗೆ ಹೋಗಿ ಆರು ದಿನವಾಗಿತ್ತು. ಅದೇ ಸಂಜೆ ಬಿರುಗಾಳಿ ಎದ್ದಿತು. ಉಳಿದ ದೋಣಿಗಳು ಹೇಗೋ ದಡ ಸೇರಿದವು. ನಿನ್ನೆ ಅವನ ನೀರಿನ ಕ್ಯಾನು ಸಿಕ್ಕಿತು, ಮುಚ್ಚಳ ಬಿಗಿಯಾಗೇ ಇತ್ತು. ಇವತ್ತು ಶುಕ್ರವಾರ. ಗಸ್ತಿನ ದೋಣಿ ಹುಡುಕುವುದು ಸಂಜೆಯವರೆಗೆ ಮಾತ್ರ, ನಾಳೆಯಿಂದ ಇಲ್ಲ ಎಂದು ಹೇಳಿಬಿಟ್ಟಿದ್ದರು. ಕ್ಯಾನನ್ನು ತಬ್ಬಿಕೊಂಡೇ ಅವಳು ಹರಕೆ ಹೊತ್ತಿದ್ದಳು: ನಮ್ಮ ಮದುವೆಯ ಬಟ್ಟೆಯಲ್ಲಿ ನಿನ್ನನ್ನು ಮುಚ್ಚುತ್ತೇನೆ ಸೀದಿ, ಬೆರಳಗಲ ಮರವೂ ಕಾಣದ ಹಾಗೆ. ಅವನನ್ನು ಕೊಡು.

ಮದುವೆಯ ದಿನ ಮೈಗೆ ಸುತ್ತಿಕೊಂಡಿದ್ದ ಹಸಿರು ರೇಷ್ಮೆಯ ಹೌಲಿ ಮಡಿಲಲ್ಲಿತ್ತು. ಉದ್ದ ಐದು ಮೀಟರ್, ಅಗಲ ಒಂದು. ಅವಳ ತಾಯಿ ಒಂದು ಚಳಿಗಾಲ ಪೂರ್ತಿ ಮಗ್ಗದಲ್ಲಿ ಕೂತು ನೇಯ್ದದ್ದು.

ಬಾಗಿಲ ಹತ್ತಿರ ಜಪಮಣಿ ಎಣಿಸುತ್ತಿದ್ದ ತಾವೂಸಜ್ಜಿ ಕತ್ತೆತ್ತಿದಳು. "ಐದು ಮುಖ ಎಲ್ಲಿ ಬಂತೇ ಹುಡುಗಿ? ನಂಗೆ ನಾಲ್ಕೇ ಕಾಣ್ತಿದೆ."

"ಐದನೇದು ಕೆಳಗಿದೆ ಅಜ್ಜಿ. ತಳ."

"ನೆಲಕ್ಕೆ ಅಂಟಿದ ಮೈಗೆ ಯಾರೇ ಬಟ್ಟೆ ಹಾಕ್ತಾರೆ? ಸೀದಿನ ಎತ್ತಿ ಮಗ್ಗುಲು ಬದಲಾಯಿಸಬೇಕು ಅಂತಿದ್ದೀಯೇನು? ಓದಿದವರ ಬುದ್ಧಿ ನೋಡು!"

ರಫ್ಕಾ ನಾಲಿಗೆ ಕಚ್ಚಿಕೊಂಡಳು. ತಳದ ಲೆಕ್ಕಕ್ಕೆ ಅಡ್ಡಗೀಟು ಎಳೆದಳು. ಇಳಿಜಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. ಅಂಥವು ಎರಡು, ನಾಲ್ಕು ಚದರ ಮೀಟರ್. ಮುಕ್ಕೋನಗಳ ಬುಡ ಒಂದು ಮೀಟರ್ ಇಪ್ಪತ್ತು, ಎತ್ತರ ಎಂಬತ್ತು ಸೆಂಟಿಮೀಟರ್. ಎರಡೂ ಸೇರಿ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ.

"ನಾಲ್ಕು ಪಾಯಿಂಟ್ ಒಂಬತ್ತು ಆರು! ಅಮ್ಮಾ, ಸಾಕಾಗುತ್ತೆ! ಸ್ವಲ್ಪ ಮಿಗುತ್ತೆ ಕೂಡ!"

ಆರು ದಿನಗಳಲ್ಲಿ ಮೊದಲ ಸಲ ಸಾಸಿಯಾ ನಕ್ಕಳು. ನಕ್ಕಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಹೋದ ಜೀವ ಬಂದಂತಾಗಿ, ಬಿಸ್ಮಿಲ್ಲಾ ಎಂದು ಕತ್ತರಿ ಹಾಕಿದಳು. ಎರಡು ಮೀಟರಿನ ಒಂದು ತುಂಡು ಕಡಲ ಕಡೆಯ ಇಳಿಜಾರಿಗೆ, ಇನ್ನೊಂದು ಊರ ಕಡೆಯದಕ್ಕೆ. ಅಂಚು ಮಡಿಸುವಷ್ಟು ಬಟ್ಟೆಯಿರಲಿಲ್ಲ, ಗುಂಡುಸೂಜಿಯಲ್ಲಿ ಮರಕ್ಕೇ ಚುಚ್ಚಿದಳು. ಉಳಿದದ್ದು ಒಂದು ಚೌಕ. ಅದರಲ್ಲಿ ಒಂದು ಮುಕ್ಕೋನ ಕತ್ತರಿಸಿ ತಲೆಯ ಕಡೆಗೆ ಹಾಕಿದಳು. ಅಳತೆ ತೆಗೆದು ಹೊಲಿದಂತೆ ಕೂತಿತು.

ಆಮೇಲೆ ಕೈಯಲ್ಲಿ ಉಳಿದದ್ದನ್ನು ನೋಡಿದಳು. ಒಂದು ಸಣ್ಣ ಚೂರು, ಒಂದು ದೊಡ್ಡ ಚೂರು. ದೊಡ್ಡದನ್ನು ಕಾಲಿನ ಕಡೆಯ ಮುಕ್ಕೋನಕ್ಕೆ ಹಿಡಿದಳು. ತಿರುಗಿಸಿದಳು, ಮಗುಚಿದಳು. ಹೇಗೆ ಇಟ್ಟರೂ ಒಂದು ಕಡೆ ಮರ ಇಣುಕುತ್ತಿತ್ತು.

"ರಫ್ಕಾ... ಇದು ಕೂರ್ತಿಲ್ಲ ಕಣೇ."

ರಫ್ಕಾ ನೋಟ್‌ಬುಕ್ಕು ನೋಡಿದಳು, ಬಟ್ಟೆ ನೋಡಿದಳು. "ಲೆಕ್ಕ ಸರಿ ಇದೆ ಅಮ್ಮಾ. ಆ ಎರಡೂ ಚೂರು ಕೂಡಿದ್ರೆ ಅಷ್ಟೇ ಆಗುತ್ತೆ. ತುಂಡು ತುಂಡು ಮಾಡಿ ಜೋಡಿಸಿದ್ರೆ..."

"ತೇಪೆ ಹಾಕೋ ಹಾಗಿಲ್ಲ," ಎಂದಳು ತಾವೂಸಜ್ಜಿ. ಈಗ ಅವಳ ದನಿಯಲ್ಲಿ ತಮಾಷೆಯಿರಲಿಲ್ಲ. "ಒಂದು ಮುಖಕ್ಕೆ ಒಂದೇ ಬಟ್ಟೆ. ತೇಪೆ ಹಾಕಿದ್ದು ಭಿಕ್ಷುಕರಿಗೆ. ನಿನಗೂ ಗೊತ್ತು ಮಗಳೇ."

ಸಾಸಿಯಾಗೆ ಗೊತ್ತಿತ್ತು. ಮನೆಯಲ್ಲಿ ಇನ್ನೊಂದು ಮದುವೆಯ ಬಟ್ಟೆ ಇದೆ ಎಂಬುದೂ ಗೊತ್ತಿತ್ತು. ಮೊಂಜಿಯ ಬಿಳಿಯ ಜುಬ್ಬಾ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಹಿಂದಿನ ಶುಕ್ರವಾರದ ನಮಾಜಿಗೆ ಹಾಕಿಕೊಂಡಿದ್ದ.

ಅವಳ ಮನಸ್ಸು ಎಲ್ಲಿ ಹೋಯಿತೆಂದು ರಫ್ಕಾಗೆ ತಕ್ಷಣ ತಿಳಿಯಿತು. "ಬೇಡ ಅಮ್ಮಾ! ಅಪ್ಪನ ಬಟ್ಟೆ ಮೊಳೆಯಿಂದ ಇಳಿಸಬೇಡ!"

ಕಡಲಿಗೆ ಹೋದವನ ಬಟ್ಟೆಯನ್ನು ಅವನೇ ಬಂದು ಇಳಿಸಬೇಕು. ಹೆಂಡತಿ ಇಳಿಸುವುದು ಒಂದೇ ಒಂದು ಸಲ, ಅವನು ಇನ್ನು ಬರುವುದಿಲ್ಲ ಎಂದಾದ ಮೇಲೆ. ಆ ದ್ವೀಪದಲ್ಲಿ ಹುಟ್ಟಿದ ಹೆಣ್ಣುಮಗುವಿಗೂ ಇದು ಗೊತ್ತು. ಹರಕೆ ಮುಗಿಸಬೇಕೆಂದರೆ ಗಂಡ ಸತ್ತನೆಂದು ತನ್ನ ಕೈಯಾರೆ ಒಪ್ಪಬೇಕು. ಒಪ್ಪದಿದ್ದರೆ ಹರಕೆ ಮುರಿಯುತ್ತದೆ. ಇಂಥ ಲೆಕ್ಕವನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೆ?

"ನನ್ನಿಂದ ತಪ್ಪಾಯ್ತು," ಎಂದು ರಫ್ಕಾ ಅಳತೊಡಗಿದಳು. "ಕತ್ತರಿಸೋಕೆ ಮುಂಚೆ ಬರೆದು ನೋಡಬೇಕಿತ್ತು. ಅಪ್ಪ ಬರದಿದ್ರೆ ನನ್ನಿಂದಲೇ."

"ಬಾಯಿ ಮುಚ್ಚು. ಬರದಿದ್ರೆ ಅನ್ನೋ ಮಾತು ಈ ಬಾಗಿಲೊಳಗೆ ಆಡಬೇಡ." ಗದರಿದ ಬೆನ್ನಿಗೇ ಅವಳು ಮಗಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

ಕಿಟಕಿಯ ಬೆಳಕು ಗೋಡೆ ಹತ್ತಿ ಕೆಂಪಾಯಿತು. ಸಾಸಿಯಾ ಮಗಳನ್ನು ಬಿಟ್ಟು ಕಾಲಿನ ಕಡೆಯ ಮುಕ್ಕೋನದ ಮುಂದೆ ಬಂದಳು. ನೆಲಕ್ಕೆ ಕೂತು ಬೆನ್ನನ್ನು ಬರಿ ಮರಕ್ಕೆ ಆನಿಸಿದಳು. ತಲೆಯ ಮೇಲಿನ ಶಾಲನ್ನು ರೆಕ್ಕೆಯ ಹಾಗೆ ಎರಡೂ ಕಡೆ ಹರಡಿದಳು.

"ನೋಡೇ. ಎಲ್ಲಾದ್ರೂ ಮರ ಕಾಣ್ತಿದೆಯಾ?"

ರಫ್ಕಾ ಕಣ್ಣೊರೆಸಿಕೊಂಡು ಸುತ್ತ ನೋಡಿದಳು. "ಇಲ್ಲ."

ತಾವೂಸಜ್ಜಿ ಜಪಮಣಿ ಕೆಳಗಿಟ್ಟಳು. "ಬಟ್ಟೆ ಸಾಲದಿದ್ರೇನು," ಎಂದಳು, ಸೀದಿಗೆ ಹೇಳುವವಳಂತೆ, "ಉಟ್ಟವಳೇ ಬಂದು ಕೂತಿದ್ದಾಳಲ್ಲ."

ಅಷ್ಟು ಹೊತ್ತಿಗೆ ಕಡಲ ಕಡೆಯಿಂದ ಎಂಜಿನ್ನಿನ ಸದ್ದು ಕೇಳಿಸಿತು. ಗಸ್ತಿನ ದೋಣಿ. ದೂರದಲ್ಲಿ ಯಾರೋ ಓಡಿದರು, ಬಾಗಿಲುಗಳು ತೆರೆದುಕೊಂಡವು. ರಫ್ಕಾ ಒಮ್ಮೆ ತಾಯಿಯನ್ನು ನೋಡಿ, ಚಪ್ಪಲಿ ಮೆಟ್ಟದೆಯೇ ಓಡಿದಳು. ಅವಳ ಹಿಂದೆ ಗೋಡೆ ಹಿಡಿದುಕೊಂಡು ಅಜ್ಜಿಯೂ ಹೊರಟಳು.

"ನೀನೂ ಬಾರೇ!"

"ಎದ್ರೆ ಮರ ಕಾಣುತ್ತೆ ಅಜ್ಜಿ."

ದೋಣಿ ನಿಲ್ಲುವ ದಕ್ಕೆಯಿಂದ ಹೆಂಗಸರ ದನಿಗಳು ಒಟ್ಟಿಗೆ ಎದ್ದವು. ಹರ್ಷದ ಕೂಗೋ, ಅಳುವೋ, ಗಾಳಿಯಲ್ಲಿ ತಿಳಿಯುವಂತಿರಲಿಲ್ಲ. ಸಾಸಿಯಾ ಬೆನ್ನನ್ನು ಇನ್ನಷ್ಟು ಬಿಗಿಯಾಗಿ ಹಲಗೆಗೆ ಒತ್ತಿದಳು. ಎಡಗಡೆಯ ಮೂಲೆಯಲ್ಲಿ ಶಾಲು ಜಾರಿ ಬೆರಳಗಲ ಮರ ಕಾಣುತ್ತಿತ್ತು. ಕೈ ಚಾಚಿ ಅದನ್ನು ಮುಚ್ಚಿ, ಹಾಗೇ ಹಿಡಿದುಕೊಂಡಳು.