ಐದು ಸಾವಿರ ಸುತ್ತಿನ ಬಿಕ್ಕಳಿಕೆ

ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಡೆ ಹೊರಟರೆ ಊರು ಮುಗಿಯುವ ಮೊದಲೇ ರಂಗರಾಜುವಿನ ಗ್ಯಾರೇಜು ಸಿಗುತ್ತದೆ. ಆ ತಗಡಿನ ಶೆಡ್ಡಿಗೆ ಎರಡು ಮಗ್ಗುಲು. ಬಲಮಗ್ಗುಲಿಗೆ ಕೇರಳಕ್ಕೆ ತರಕಾರಿ ಹೊರುವ ಲಾರಿಗಳು ಬಂದು, ದಣಿದ ಆನೆಗಳ ಹಾಗೆ ಮಲಗಿ, ಎದ್ದು ಹೋಗುತ್ತವೆ. ಎಡಮಗ್ಗುಲಲ್ಲಿ ಯಾರಿಗೂ ಬೇಡವಾದ ಗೇರ್‌ಬಾಕ್ಸುಗಳು, ಮುರಿದ ಸ್ಪ್ರಿಂಗ್ ಪಟ್ಟಿಗಳು, ಅವುಗಳ ನಡುವೆ ಮೊಟ್ಟೆಯಿಡಲು ಬರುವ ಪಕ್ಕದ ಮನೆಯ ಒಂದು ಕೋಳಿ.

ಆ ಎಡಮಗ್ಗುಲಿನ ಮೇಲೆ ನೀಲಾವತಿಗೆ ಮೂರು ವರ್ಷದಿಂದ ಕಣ್ಣು. ಕುದೇರಿನ ಹುಡುಗಿ, ಐ.ಟಿ.ಐ. ಮುಗಿಸಿ, ಗುಂಡ್ಲುಪೇಟೆಯ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ರಂಗರಾಜುವಿನ ಬಳಿ ಕೆಲಸಕ್ಕೆ ಸೇರಿದ್ದಳು. ಲಾರಿಯ ಡೀಸೆಲ್ ಫಿಲ್ಟರು ತೊಳೆಯುವಾಗಲೂ ಅವಳ ಮನಸ್ಸು ಆ ಕಡೆಯೇ. ಗೇರ್‌ಬಾಕ್ಸು ಹೊರಹಾಕಿ, ಗೋಡೆಗೆ ಸುಣ್ಣ ಬಳಿದು, ಸ್ಪ್ಯಾನರುಗಳನ್ನು ಅಣ್ಣತಮ್ಮಂದಿರ ಹಾಗೆ ಸಾಲಾಗಿ ನೇತುಹಾಕಿ, ಪೆಟ್ರೋಲು ಕಾರುಗಳ ಕೆಲಸವನ್ನೆಲ್ಲ ತಾನೊಬ್ಬಳೇ ಮಾಡುತ್ತಿರುವಂತೆ ಕನಸು ಕಾಣುತ್ತಿದ್ದಳು. ಆ ಜಾಗ ಕೊಡಿ ಎಂದು ಕೇಳಿದಾಗೆಲ್ಲ ರಂಗರಾಜು ನಗುತ್ತಿದ್ದ.

"ಲಾರಿ ಹೆತ್ತವ್ವ ಇದ್ದಂಗೆ ಕಣಮ್ಮಿ. ತಪ್ಪು ಮಾಡುದ್ರೂ ಸೈಸ್ಕತದೆ. ಈಗಿನ ಟರ್ಬೊ ಪೆಟ್ರೋಲು ಕಾರು ಅತ್ತೆ ಇದ್ದಂಗೆ. ಒಂದ್ ನಟ್ಟು ಸಡ್ಲ ಬುಡು, ಊರೆಲ್ಲ ಕೇಳಂಗೆ ಕೂಗ್ತದೆ."

ಅಂಥದ್ದೊಂದು ಅತ್ತೆ ಗುರುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಬಂದು ನಿಂತಿತು. ಕೆಂಪು ಬಣ್ಣದ ಪುಟ್ಟ ಕಾರು. ತಂದವರು ತೆರಕಣಾಂಬಿಯ ಶಿವಸ್ವಾಮಿ, ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು. ಭಾನುವಾರ ಚಾಮರಾಜನಗರದ ಹೊರಗೆ ಮಣ್ಣಿನ ಹಾದಿಯಲ್ಲಿ ಕಾರು ಓಟದ ಪಂದ್ಯ. ಅದಕ್ಕೆ ಹೆಸರು ಕೊಟ್ಟಿದ್ದರು. ಮೈಸೂರಿನಲ್ಲಿ ಒಬ್ಬರು ಲ್ಯಾಪ್‌ಟಾಪ್ ಜೋಡಿಸಿ ಟರ್ಬೊ ಎಂಜಿನ್ನಿನೊಳಕ್ಕೆ ನೂಕುವ ಗಾಳಿಯನ್ನು ಹೆಚ್ಚಿಸಿ, ಒಂದು ರಟ್ಟಿನ ಪೆಟ್ಟಿಗೆ ಕೈಗೆ ಕೊಟ್ಟು ಕಳಿಸಿದ್ದರು. ಅದರಲ್ಲಿ ಟ್ಯಾಂಕಿನಿಂದ ಪೆಟ್ರೋಲು ಎತ್ತುವ ದೊಡ್ಡ ಪಂಪು, ಅದನ್ನು ಎಂಜಿನ್ನಿಗೆ ಚಿಮ್ಮಿಸುವ ಮೂರು ಹೊಸ ಇಂಜೆಕ್ಟರು.

"ಇವನ್ನ ಹಾಕೋವರ್ಗೂ ಪೆಡಲ್ ಜೋರಾಗಿ ತುಳೀಬೇಡಿ ಅಂದವ್ರೆ. ಶನಿವಾರ ಸಾಯಂಕಾಲಕ್ಕೆ ಆಯ್ತದಾ ರಂಗರಾಜು?"

ರಂಗರಾಜು ಪೆಟ್ಟಿಗೆಯೊಳಗೆ ಇಣುಕಿ, ಹಾವಿನ ಬುಟ್ಟಿ ಮುಚ್ಚುವವನಂತೆ ಮೆಲ್ಲಗೆ ಮುಚ್ಚಿದ. ಆಮೇಲೆ ನೀಲಾವತಿಯ ಕಡೆ ತಿರುಗಿದ.

"ತಗಳಮ್ಮಿ. ಭಾನುವಾರ ಈ ಕಾರು ಸರ್ಯಾಗಿ ಓಡ್ತು ಅಂದ್ರೆ ಎಡಮಗ್ಗುಲು ನಿಂದು. ಓಡ್ನಿಲ್ಲ ಅಂದ್ರೆ ಫಿಲ್ಟರ್ ತೊಳ್ಕಂಡು ಸುಮ್ಕಿರ್ಬೇಕು. ಇನ್ನೊಂದ್ ಸಲ ಬಾಯ್ ಬುಡಂಗಿಲ್ಲ."

"ಸಾಕ್ಷಿ ಯಾರಣ್ಣ?"

"ಮೇಷ್ಟ್ರು ಅವ್ರಲ್ಲ!"

ನೀಲಾವತಿ ಚಿಕ್ಕವಳಿದ್ದಾಗ ಅವಳ ಅಜ್ಜಿ ಬೆಟ್ಟದ ರಕ್ಕಸನೊಬ್ಬನ ಕಥೆ ಹೇಳುತ್ತಿದ್ದಳು. ಅವನಿಗೆ ಉಸಿರಿಗೊಂದು ತುತ್ತು ಕೊಡಬೇಕು. ಉಸಿರು ಹೆಚ್ಚಾಗಿ ತುತ್ತು ಕಡಿಮೆಯಾಯಿತೋ, ಹೊಟ್ಟೆಯೊಳಗಿನ ಬೆಂಕಿ ಅವನನ್ನೇ ಸುಟ್ಟುಬಿಡುತ್ತದೆ. ಟರ್ಬೊ ಎಂಜಿನ್ನಿನ ಪಾಠ ಐ.ಟಿ.ಐ.ಯಲ್ಲಿ ಬಂದಾಗ ಉಳಿದವರೆಲ್ಲ ಬರೆದುಕೊಂಡರು, ಇವಳು ಮಾತ್ರ ನಕ್ಕಿದ್ದಳು. ಗಾಳಿಯೇ ಉಸಿರು, ಪೆಟ್ರೋಲೇ ತುತ್ತು. ಗಾಳಿ ಹೆಚ್ಚಿಸಿ ಪೆಟ್ರೋಲು ಸಾಲದೆ ಹೋದರೆ ಒಳಗಿನ ಬಿಸಿಗೆ ಪಿಸ್ಟನ್ನೇ ಕರಗಿ ಕೂತೀತು.

ಕೆಲಸಕ್ಕೆ ಕೈಹಾಕಿದಳು. ಪೈಪಿನೊಳಗಿನ ಒತ್ತಡ ಇಳಿಸಿ, ಬ್ಯಾಟರಿಯ ವೈರು ಬಿಚ್ಚಿ, ಬೆಂಕಿ ಆರಿಸುವ ಸಿಲಿಂಡರನ್ನು ಪಕ್ಕಕ್ಕೆ ಇಟ್ಟುಕೊಂಡಳು. ಬೀಡಿ ಕಚ್ಚಿಕೊಂಡು ನೋಡಲು ಬಂದ ಲಾರಿ ಡ್ರೈವರನ್ನು ರಸ್ತೆಯ ಆಚೆಗೇ ಓಡಿಸಿದಳು. ಹಿಂದಿನ ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಹಳೆಯ ಪಂಪು ಹೊರಗೆಳೆದಳು.

ಹೊಸದನ್ನು ಇಳಿಸುವ ಮೊದಲು ರಂಗರಾಜುವಿನ ಪದ್ಧತಿಯ ಪರೀಕ್ಷೆ ಆಗಬೇಕು. ಆ ಶೆಡ್ಡಿನಲ್ಲಿ ಯಾವ ಪಂಪು ಬಂದರೂ ಅದೇ ಪರೀಕ್ಷೆ. ಹೆಬ್ಬೆರಳು ಗಾತ್ರದ ಎರಡು ಕೇಬಲ್ಲು, ತುದಿಗೆ ಕ್ಲಿಪ್ಪು. ದೂರದಲ್ಲಿಟ್ಟ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟು, ಅರ್ಧ ನಿಮಿಷದಲ್ಲಿ ಎಷ್ಟು ಕಕ್ಕುತ್ತದೆಂದು ಕ್ಯಾನಿನಲ್ಲಿ ಅಳೆಯುವುದು. ಪೆಟ್ರೋಲು ಭೋರ್ಗರೆಯಿತು.

"ನೋಡ್ದಾ! ಕಬಿನಿ ತೂಬು ಎತ್ತುದಂಗೆ ಬತ್ತಾ ಅದೆ," ಎಂದ ರಂಗರಾಜು.

ಪಂಪು ಇಳಿಯಿತು. ಇಂಜೆಕ್ಟರುಗಳಿಗೆ ಹೊಸ ರಬ್ಬರು ಬಳೆ ತೊಡಿಸಿ, ಎಣ್ಣೆ ಸವರಿ, ಒಂದೊಂದನ್ನೂ ಅದರದರ ಗೂಡಿಗೆ ಕೂರಿಸಿದಳು. ಎಲ್ಲಿಯೂ ಒಂದು ಹನಿ ಸೋರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಬಂದರು. ಪೆಟ್ರೋಲಿನ ಒತ್ತಡ ತೋರಿಸುವ ಗೇಜನ್ನು ನೀಲಾವತಿ ಮುಂದಿನ ಗಾಜಿನ ಹೊರಗೆ ಟೇಪು ಸುತ್ತಿ ನಿಲ್ಲಿಸಿದ್ದಳು. ಮುಳ್ಳು ನಾಲ್ಕರ ಮೇಲೆ ನಿಲ್ಲಬೇಕು, ಅಷ್ಟೇ. ಮೇಷ್ಟ್ರು ಓಡಿಸಿದರು, ಇವಳು ಮುಳ್ಳನ್ನೇ ನೋಡುತ್ತ ಕೂತಳು. ಎಂಜಿನ್ನು ಮೂರು ಸಾವಿರ ಸುತ್ತು ತಿರುಗುವಾಗ ನಾಲ್ಕು. ನಾಲ್ಕು ಸಾವಿರಕ್ಕೂ ನಾಲ್ಕು. ಮೇಷ್ಟ್ರ ಮುಖದಲ್ಲಿ ಮಕ್ಕಳ ಕಳೆ. ಐದು ಸಾವಿರ ದಾಟಿತು ನೋಡಿ, ಮುಳ್ಳು ಮೂರಕ್ಕೆ ಜಾರಿತು, ಕಾರು ನೀರು ನೆತ್ತಿಗೇರಿದವರಂತೆ ಬಿಕ್ಕಳಿಸಿತು.

"ಕಾಲ್ ತೆಗೀರಿ ಸಾ! ತೆಗೀರಿ!"

ಶೆಡ್ಡಿಗೆ ವಾಪಸು ಬಂದು ಫಿಲ್ಟರು ನೋಡಿದಳು, ಪೈಪು ನೋಡಿದಳು. ಪಂಪನ್ನು ಮತ್ತೆ ಎತ್ತಿ ಎರಡು ಕ್ಲಿಪ್ಪು ಹಾಕಿ ಅಳೆದಳು. ಅದೇ ಭೋರ್ಗರೆತ.

"ಪಂಪು ಸರಿ ಐತೆ, ಇಂಜೆಕ್ಟ್ರು ಸರಿ ಐತೆ," ರಂಗರಾಜು ಬೆರಳು ಮಡಿಚಿದ. "ಅಂದ್ಮೇಲೆ ಉಳ್ಕಂಡಿರದು ನಿನ್ ಕೈಯೇ ಅಲ್ವಾ ಕಣಮ್ಮಿ?"

ತಮಾಷೆಗೇ ಅಂದದ್ದು. ಆದರೂ ಅವಳ ಎದೆಗೆ ನಾಟಿತು. ಎಡಮಗ್ಗುಲಿನ ಕಡೆ ನೋಡದೆ ಕೈ ತೊಳೆದುಕೊಂಡಳು.

ಅಷ್ಟರಲ್ಲಿ ಊರಿನಿಂದ ಅವ್ವ ಗುರುಮಲ್ಲಮ್ಮನ ಫೋನು. ಬೋರ್‌ವೆಲ್ಲಿಗೆ ಹೊಸ ದೊಡ್ಡ ಮೋಟಾರು ಇಳಿಸಿ ವಾರವಾಗಿದೆ, ಕೊನೆಯ ಸಾಲಿನ ಚೆಂಡು ಹೂವಿಗೆ ನೀರೇ ಮುಟ್ಟುತ್ತಿಲ್ಲ. "ಊರ್ ಮೇಲಿನ್ ಗಾಡಿ ಎಲ್ಲ ರಿಪೇರಿ ಮಾಡೀಯೆ, ನಮ್ ಮೋಟ್ರು ನೋಡಕೆ ನಿಂಗೆ ಪುರುಸೊತ್ತಿಲ್ವಾ? ಬಾಮ್ಮಿ ಒಂದ್ ಗಳಿಗೆ."

ಸಂಜೆಯ ಬಸ್ಸು ಹಿಡಿದು ಹೋದಳು. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ತ್ರೀ ಫೇಸು ಕರೆಂಟು ಬಂತು. ಅವ್ವ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಳು. ಮೋಟಾರು ಗುಂಯ್‌ಗುಟ್ಟಿತು. ಪೈಪಿನಿಂದ ಬಂದ ನೀರು ಮುದುಕರ ನಡಿಗೆಯಂತೆ ಬಂತು.

"ಇಳಿಸ್ದೋನು ಮೋಟ್ರೇ ಡವ್ವು ಅಂತಾನೆ. ಅಂಗ್ಡಿಯೋನು ಬೋರಲ್ಲೇ ನೀರಿಲ್ಲ ಅಂತಾನೆ. ನಿಮ್ಮಪ್ಪ ದೇವ್ರಿಗೆ ಹರಕೆ ತೀರ್ಸಿಲ್ಲ ಅಂತಾನೆ. ಯಾರ್ ಮಾತು ಕೇಳನ?"

ನೀಲಾವತಿ ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟು ಮೀಟರು ನೋಡಿದಳು. ಮೋಟಾರು ತಿರುಗಿದೊಡನೆ ಮುಳ್ಳು ಧೊಪ್ಪನೆ ಕೆಳಗೆ ಬಿದ್ದಿತ್ತು. ಮೋಟಾರು ನಿಲ್ಲಿಸಿ, ಮೇನ್ ಸ್ವಿಚ್ಚು ಕೆಳಗೆಳೆದು, ಕಂಬದಿಂದ ಬಂದ ಕೇಬಲ್ಲನ್ನು ಬೆನ್ನುಗೈಯಿಂದ ಮುಟ್ಟಿದಳು. ಜ್ವರ ಬಂದ ಮಗುವಿನ ಮೈಯಂತೆ ಕಾದಿತ್ತು.

"ಅವ್ವ, ಮೋಟ್ರಿಗೆ ಏನೂ ಆಗಿಲ್ಲ. ಈ ಕೇಬಲ್ಲು ಸಣ್ಣದು. ದಾರೀಲೇ ಕರೆಂಟು ಸೊರಗೋಯ್ತಾ ಅದೆ."

"ಅಯ್, ಇಷ್ಟ್ ವರ್ಸ ಇದೇ ಕೇಬಲ್ಲು ಕೆಲ್ಸ ಮಾಡ್ನಿಲ್ವಾ?"

"ಹಳೇ ಮೋಟ್ರಿಗೆ ಮಾಡ್ತಿತ್ತವ್ವ. ಇದು ದೊಡ್..."

ಮಾತು ಅಲ್ಲಿಗೇ ನಿಂತಿತು. ನೀಲಾವತಿ ಕೇಬಲ್ಲನ್ನು ಹಿಡಿದುಕೊಂಡೇ ನೆಟ್ಟಗಾದಳು. ಹೆಬ್ಬೆರಳು ಗಾತ್ರದ ಎರಡು ಕೇಬಲ್ಲು, ಬ್ಯಾಟರಿಯಿಂದ ನೇರ! ಶೆಡ್ಡಿನ ಪರೀಕ್ಷೆಯಲ್ಲಿ ಪಂಪಿಗೆ ಹೊಟ್ಟೆ ತುಂಬ ಕರೆಂಟು. ಕಾರಿನೊಳಗೆ ಅದಕ್ಕೆ ಸಿಗುವುದು ಹಳೆಯ ಪುಟ್ಟ ಪಂಪಿಗೆಂದು ಎಳೆದ ಸಣ್ಣ ವೈರಿನಲ್ಲಿ ಬರುವಷ್ಟೇ. ಐದು ಸಾವಿರ ದಾಟಿ ಎಂಜಿನ್ನು ಹೆಚ್ಚು ಪೆಟ್ರೋಲು ಕೇಳಿದಾಗ ಅದು ಸಾಲದು.

"ಅಪ್ಪಂಗೆ ದಪ್ಪ ಕೇಬಲ್ಲು ಹಾಕ್ಸಕೆ ಹೇಳವ್ವ, ಅದ್ವರ್ಗೂ ಮೋಟ್ರು ಹಾಕ್ಬೇಡಿ, ಸುಟ್ಟೋಯ್ತದೆ. ನಾ ಬತ್ತೀನಿ!"

"ರೊಟ್ಟಿ ತಿನ್ಕಂಡು ಓಗೇ!" ಎಂದು ಅವ್ವ ಕೂಗುವಷ್ಟರಲ್ಲಿ ಮಗಳು ಬದುವಿನ ಮೇಲೆ ಅರ್ಧ ದಾರಿಯಲ್ಲಿದ್ದಳು.

ಸಂತೆಮರಹಳ್ಳಿಯಲ್ಲಿ ಒಂದು ಬಸ್ಸು, ಚಾಮರಾಜನಗರದಲ್ಲಿ ಇನ್ನೊಂದು. ಹನ್ನೊಂದು ಗಂಟೆಗೆ ಶೆಡ್ಡಿನಲ್ಲಿ ಮೀಟರು ಹಿಡಿದು ನಿಂತಿದ್ದಳು. ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ಬಳಿ ಹದಿನಾಲ್ಕು ವೋಲ್ಟು. ಪಂಪಿನ ಬಳಿ ಹನ್ನೊಂದು ಕೂಡ ಇಲ್ಲ.

"ಅಣ್ಣ, ಪಂಪೂ ಸರಿ, ನನ್ ಕೈಯೂ ಸರಿ. ತಪ್ಪಿದ್ದದ್ದು ನಮ್ ಪರೀಕ್ಷೇಲಿ."

"ಮೂವತ್ ವರ್ಸದಿಂದ ಇದೇ ಎರಡ್ ಕ್ಲಿಪ್ಪಲ್ಲಿ ಪರೀಕ್ಷೆ ಮಾಡೀವ್ನಿ! ನಿನ್ನೆ ಬಂದೋಳು ನಂಗೇ..."

"ನೀವೇ ನೋಡಣ್ಣ."

ರಂಗರಾಜು ಕನ್ನಡಕ ಏರಿಸಿ ಮೀಟರು ನೋಡಿದ. ಮೀಟರಿನ ಕಡ್ಡಿಗಳನ್ನು ತಾನೇ ಹಿಡಿದು ಇನ್ನೊಮ್ಮೆ ನೋಡಿದ. ಮೀಟರನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ. ಸಿಟ್ಟಾಗಿ ಹೋದನೆಂದು ಅವಳು ತುಟಿ ಕಚ್ಚಿಕೊಂಡಳು. ಬರುವಾಗ ಅವನ ಹೆಗಲ ಮೇಲೆ ಲಾರಿಗೆ ಹಾಕುವ ದಪ್ಪ ವೈರಿನ ಸುರುಳಿಯಿತ್ತು.

"ಇಷ್ಟ್ ದಪ್ಪ ಸಾಕಾ?" ಎಂದ.

ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ ಕೆಲಸದ ಬಗ್ಗೆ ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.

ಬ್ಯಾಟರಿಯ ಬಳಿಯೇ ಫ್ಯೂಸು ಕೂರಿಸಿ, ತಗಡಿಗೆ ಉಜ್ಜದಂತೆ ರಬ್ಬರು ತೊಡಿಸಿ, ಪಂಪಿನವರೆಗೆ ಹೊಸ ವೈರು ಎಳೆದಳು. ಹಳೆಯ ಸಣ್ಣ ವೈರಿಗೆ ಇನ್ನು ಒಂದೇ ಕೆಲಸ, ಕೀ ತಿರುಗಿಸಿದಾಗ, ನಡುವೆ ಕೂರಿಸಿದ ರಿಲೇ ಎಂಬ ಸ್ವಿಚ್ಚನ್ನು ಎಬ್ಬಿಸುವುದು. ಹೊರೆಯೆಲ್ಲ ಹೊಸದರ ಮೇಲೆ. ಕೆಲಸ ಮುಗಿದಾಗ ನಾಲ್ಕು ಗಂಟೆ, ಮತ್ತು ಅದೇ ಹೊತ್ತಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಕಪ್ಪಗೆ ಎದ್ದ ಮೋಡ ಊರಿನ ಮೇಲೆ ಸುರಿಯಿತು.

ಐದಕ್ಕೆ ಮೇಷ್ಟ್ರು ಕೊಡೆ ಹಿಡಿದು ಬಂದರು. "ಆಯ್ತಲ್ಲ? ಕೀ ಕೊಡಮ್ಮ."

"ಓಡ್ಸಿ ನೋಡ್ಬೇಕು ಸಾ. ನಿಂತಲ್ಲಿ ಸರಿ ತೋರಿಸ್ತಾ ಅದೆ, ಜೋರಾಗಿ ತುಳಿದಾಗ ಮುಳ್ಳು ನಿಂತ್ಕತದಾ ನೋಡ್ಬೇಕು. ಈ ಮಳೇಲಿ ಅಷ್ಟು ಜೋರಾಗಿ ಓಡ್ಸಕಾಗಲ್ಲ. ಬೆಳಿಗ್ಗೆ ರಸ್ತೆ ಒಣಗ್ಲಿ."

"ಬೆಳಿಗ್ಗೆ ಒಂಬತ್ತಕ್ಕೆ ನನ್ನ ಮೊದಲ್ನೇ ಓಟ! ಇರೋದೇ ಎರಡು. ಬಿಕ್ಕಳಿಸಿದ್ರೆ ನಾನೇ ಕಾಲು ಎತ್ತುತೀನಿ ಬಿಡು."

"ಓಟದಲ್ಲಿ ಯಾರೂ ಕಾಲು ಎತ್ತಲ್ಲ ಸಾ. ಪಿಸ್ಟನ್ ಕರಗಿದ್ರೆ ಮತ್ತೆ ಎಂಜಿನ್ನೇ ಇರಲ್ಲ."

ಮೇಷ್ಟ್ರು ರಂಗರಾಜುವಿನ ಕಡೆ ತಿರುಗಿದರು. "ನೀನಾದ್ರೂ ಹೇಳಪ್ಪ. ಇವತ್ತು ಕೊಡ್ತೀನಿ ಅಂತ ಒಪ್ಪಿದ್ದು ನೀನು."

ನೀಲಾವತಿಗೆ ಗೊತ್ತಿತ್ತು. ಹೇಳಿದ ಹೊತ್ತಿಗೆ ಕಾರು ಕೊಡದಿದ್ದರೆ ಅದೂ ಸೋತಂತೆಯೇ. ಕೀ ಕೊಟ್ಟುಬಿಟ್ಟರೆ ನಾಳೆ ಸರಿಯಾಗಿ ಓಡಿದರೂ ಓಡೀತು, ಎಡಮಗ್ಗುಲು ಕೈಗೆ ಬಂದರೂ ಬಂದೀತು. ಅವಳು ಕೀಯನ್ನು ಜೇಬಿನೊಳಗೇ ಬಿಗಿಯಾಗಿ ಹಿಡಿದುಕೊಂಡಳು.

ತಗಡಿನ ಮೇಲೆ ಮಳೆಯ ಸದ್ದು. ರಂಗರಾಜು ಗಡ್ಡ ಕೆರೆದುಕೊಂಡ. "ಕೆಲ್ಸ ಅವಳ್ದು ಸಾ. ಅವಳು ಮುಗೀತು ಅಂದಾಗ ಮುಗೀತು."

"ನಾಳೆ ಸರಿಯಾಗದೆ ಇರಲಿ, ಇಡೀ ತಾಲ್ಲೂಕಿಗೆ ಸಾರ್ಕೊಂಡು ಬರ್ತೀನಿ," ಎಂದು ಮೇಷ್ಟ್ರು ಕೊಡೆ ಬಿಚ್ಚಲೂ ಮರೆತು ಮಳೆಗೇ ಇಳಿದರು.

ಭಾನುವಾರ ರಸ್ತೆ ಒಣಗಿದಾಗ ಒಂಬತ್ತೂವರೆ. ಮೇಷ್ಟ್ರು ಮುಖ ಬಿಗಿದುಕೊಂಡು ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ನೀಲಾವತಿ, ಹಿಂದೆ ರಂಗರಾಜು. ತೆರಕಣಾಂಬಿ ದಾಟಿ ನೇರ ರಸ್ತೆ ಸಿಕ್ಕಿತು. ಮುಂದೆ ಯಾರೂ ಇರಲಿಲ್ಲ.

"ತುಳೀರಿ ಸಾ."

ನಾಲ್ಕು ಸಾವಿರ. ಮುಳ್ಳು ನಾಲ್ಕರಲ್ಲಿ. ಐದು ಸಾವಿರ. ಅವಳು ಉಸಿರು ಹಿಡಿದಳು. ಐದೂವರೆ. ಆರು. ಗಾಜಿನಾಚೆ ಹುಣಸೆ ಮರಗಳು ಒಂದರೊಳಗೊಂದು ಬೆರೆತುಹೋದವು, ಮುಳ್ಳು ಮಾತ್ರ ಗೋಡೆಗೆ ಹೊಡೆದ ಮೊಳೆಯಂತೆ ನಾಲ್ಕರ ಮೇಲೆ ನಿಂತಿತ್ತು. ಕಾರು ಬಿಕ್ಕಳಿಸಲಿಲ್ಲ. ಒಂದೇ ರಾಗದಲ್ಲಿ ಹಾಡಿತು.

"ಅಯ್ಯಯ್ಯೋ ಸಾಕು ಬುಡಿ ಸಾ, ನಂಗೆ ಮಕ್ಕಳು ಮರಿ ಅವೆ!" ಎಂದು ರಂಗರಾಜು ಹಿಂದಿನಿಂದ ಕೂಗಿಕೊಂಡ.

ಮೇಷ್ಟ್ರು ಕಾಲು ಎತ್ತಿದರು. ಬಿಗಿದ ಮುಖ ಎಲ್ಲಿ ಹೋಯಿತೋ. "ಹೊಸ ಕಾರು ಕಣಮ್ಮ ಇದು," ಎಂದರು, ಅಷ್ಟೇ.

ಮೈದಾನ ತಲುಪುವಷ್ಟರಲ್ಲಿ ಮೊದಲ ಓಟ ಮುಗಿದಿತ್ತು. ಉಳಿದ ಒಂದೇ ಓಟದಲ್ಲಿ ಕೆಂಪು ಕಾರು, ಹಿಂದಿನ ದಿನದ ಮಳೆ ಮುಟ್ಟದ ಆ ಹಾದಿಯಲ್ಲಿ ಧೂಳೆಬ್ಬಿಸಿಕೊಂಡು ಹೋಗಿ ಬಂತು. ಇಪ್ಪತ್ತಮೂರು ಕಾರುಗಳಲ್ಲಿ ಆರನೆಯದು. ಮೊದಲ ಓಟವೂ ಸಿಕ್ಕಿದ್ದರೆ ಮೂರರೊಳಗೆ ಬರುತ್ತಿದ್ದೆನೆಂದು ಮೇಷ್ಟ್ರು ನಾಲ್ಕು ಸಲ ಹೇಳಿದರು. ಐದನೆಯ ಸಲಕ್ಕೆ, "ಮುಂದಿನ ಪಂದ್ಯಕ್ಕೆ ಇನ್ನೊಂಚೂರು ಗಾಳಿ ಏರಿಸ್ಬೋದಾ ನೀಲಾವತಿ?" ಎಂದು ಕೇಳಿದರು.

"ಮೊದ್ಲು ಕ್ಲಚ್ಚು ನೋಡನ ಸಾ. ಆಮೇಲೆ ಗಾಳಿ."

ಅಷ್ಟರಲ್ಲಿ ನೀಲಿ ಕಾರೊಂದರ ಒಡೆಯ, ಕನಕರಾಜು ಎಂಬವನು, ರಂಗರಾಜುವನ್ನು ಹುಡುಕಿಕೊಂಡು ಬಂದ. "ಆ ಕೆಂಪು ಕಾರಿನ ಕೆಲಸ ನಿಮ್ದಂತೆ? ನನ್ನದೂ ಸುತ್ತು ಮೇಲಕ್ಕೆ ಹೋದ್ರೆ ಎಳೆಯೋದೇ ಇಲ್ಲ, ಒಂಚೂರು ನೋಡ್ತೀರಾ?"

"ನಂದು ಬಲಮಗ್ಗುಲು ಸಾಮಿ, ಲಾರಿ," ಎಂದ ರಂಗರಾಜು. "ಪೆಟ್ರೋಲು ಕಾರೆಲ್ಲ ಎಡಮಗ್ಗುಲು. ಅಕಾ ಅಲ್ಲಿ, ಆ ಯಮ್ಮನ್ನ ಕೇಳಿ." ಹಾಗೆಂದು ನೀಲಾವತಿಯ ಮುಖ ನೋಡದೆ, ಬೇರೆಲ್ಲೋ ನೋಡುತ್ತ ಗದರಿದ. "ನಾಳೆ ಬಿರ್ರನೆ ಬಾಮ್ಮಿ. ಆ ಗೇರ್‌ಬಾಕ್ಸುಗಳ್ನೆಲ್ಲ ನಾನೊಬ್ನೇ ಎತ್ತಕಾಯ್ತದಾ?"

ನೀಲಾವತಿಗೆ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ. ಧೂಳು ತುಂಬಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕನಕರಾಜುವಿನ ನೀಲಿ ಕಾರಿನ ಕಡೆ ನಡೆದಳು.

"ಬಾನೆಟ್ ತೆಗೀರಿ ಸಾ," ಎಂದಳು. "ಯಾವಾಗಿಂದ ಹಿಂಗೆ?"